ಏರ್ ಫಿಲ್ಟರಿಗೆ ಗಾಳಿ ಹೊಡೆಸುವುದನ್ನು ಬಿಟ್ಟ ಮೇಲೆ

ಮೋಟರ್‌ಹೋಮಿನ ಏರ್ ಫಿಲ್ಟರಿಗೆ ಕಂಪ್ರೆಸರ್ ಗಾಳಿ ಹೊಡೆಸುವುದನ್ನು ನಿಲ್ಲಿಸಿ ನಾಲ್ಕು ವರ್ಷವಾಗುತ್ತಾ ಬಂತು. ‘ಎಂಜಿನ್ ಹೋದ ಮೇಲೆ ಫೋನ್ ಮಾಡಿ, ಎಳೆದು ತರಲು ಗಾಡಿ ಕಳಿಸುತ್ತೇವೆ’ ಎಂದು ಅಂದು ನಕ್ಕವರೇ ಇಂದು ‘ಫಿಲ್ಟರ್ ಡಬ್ಬ ಬಿಚ್ಚಿ ಒಮ್ಮೆ ತೋರಿಸಿ’ ಎನ್ನುತ್ತಾರೆ. ನಾನು ತೋರಿಸುವುದಿಲ್ಲ. ಬಿಚ್ಚದೆ ಇರುವುದೇ ಇದರ ಅರ್ಧ ಗುಟ್ಟು.

ಗಾಡಿ ಹಳೆಯ ಟಾಟಾ 407 ಚಾಸಿಯ ಮಿನಿ ಬಸ್. ಸುಮಾರು ಮೂರು ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಡೀಸೆಲ್ ಎಂಜಿನ್; ಟರ್ಬೊ ಎಂದರೆ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಚಕ್ರ. ಒಳಗೆ ಮಂಚ, ಒಲೆ, ಬ್ಯಾಟರಿ, ನೀರಿನ ಟ್ಯಾಂಕ್ ಎಲ್ಲ ಸೇರಿ ತೂಕ ಐದು ಟನ್ನಿನ ಆಸುಪಾಸು. ಬಾಡಿ ಕಟ್ಟಿದವರು ಒಳಗಿನ ಜಾಗ ಉಳಿಸಲು ಗಾಳಿ ಎಳೆಯುವ ಬಾಯನ್ನು ಮುಂದಿನ ಚಕ್ರದ ಹಿಂದೆ, ಫುಟ್‌ಬೋರ್ಡಿನ ಕೆಳಗೆ ಇಳಿಸಿಬಿಟ್ಟಿದ್ದರು. ಟೈರ್ ಎಬ್ಬಿಸಿದ ದೂಳೆಲ್ಲ ನೇರವಾಗಿ ಅಲ್ಲಿಗೇ. ಒಂದು ಲೀಟರ್ ಡೀಸೆಲ್ ಉರಿಯಲು ಹೆಚ್ಚುಕಡಿಮೆ ಹದಿನೈದು ಸಾವಿರ ಲೀಟರ್ ಗಾಳಿ ಬೇಕು. ನನ್ನ ಗಾಡಿ ಲೀಟರಿಗೆ ಒಂಬತ್ತು ಕಿ.ಮೀ. ಕೊಡುತ್ತದೆ. ಹೊಸಪೇಟೆಯಿಂದ ವಿಜಯಪುರಕ್ಕೆ ಹೋಗುವಷ್ಟರಲ್ಲಿ ಮೂರು ಲಕ್ಷ ಲೀಟರಿಗೂ ಹೆಚ್ಚು ಗಾಳಿ ಫಿಲ್ಟರಿನ ಕಾಗದದ ಮಡಿಕೆಗಳನ್ನು ದಾಟಬೇಕು. ಸಂಡೂರಿನ ಅದಿರು ಲಾರಿಗಳ ರಸ್ತೆಯಲ್ಲಿ ಆ ಗಾಳಿಯ ಬಣ್ಣವೇ ಕೆಂಪು.

ಮೊದಲ ವರ್ಷಗಳಲ್ಲಿ ಎಲ್ಲರಂತೆಯೇ ನಡೆಯುತ್ತಿತ್ತು. ಆಯಿಲ್ ಬದಲಿಸುವಾಗ ಗ್ಯಾರೇಜಿನವರು ಫಿಲ್ಟರ್ ತೆಗೆದು, ನೆಲಕ್ಕೆ ಎರಡು ಸಲ ಕುಟ್ಟಿ, ಟೈರಿಗೆ ಗಾಳಿ ತುಂಬುವ ಪೈಪಿನಿಂದ ಹೊರಗಡೆಯಿಂದಲೇ ಭರ್ ಎಂದು ಊದಿ ಮತ್ತೆ ಕೂರಿಸುತ್ತಿದ್ದರು. ನಡುವೆ ದೂಳಿನ ರಸ್ತೆ ಸಿಕ್ಕರೆ ದಾರಿಯ ಪಂಚರ್ ಅಂಗಡಿಯಲ್ಲಿ ಇನ್ನೊಂದು ಸಲ. ಆ ಪೈಪಿನಲ್ಲಿ ಆರೇಳು ಬಾರ್ ಒತ್ತಡವಿರುತ್ತದೆ; ಊದಲೇಬೇಕೆಂದರೂ ಎರಡು ಬಾರ್ ದಾಟಬಾರದು, ಅದೂ ಒಳಗಿನಿಂದ ಹೊರಕ್ಕೆ. ಒಂದು ದಿನ ಗಾಡಿ ಶಿರಾಡಿ ಘಾಟಿಯಲ್ಲಿ ಏದುಸಿರು ಬಿಡತೊಡಗಿತು. ಟರ್ಬೊ ಬಿಚ್ಚಿಸಿದರೆ ಕಂಪ್ರೆಸರ್ ಚಕ್ರದ ರೆಕ್ಕೆಗಳ ಅಂಚು ಸವೆದು ಮೊಂಡಾಗಿತ್ತು. ಟರ್ಬೊ ಖರ್ಚು ಇಪ್ಪತ್ತಾರೋ ಇಪ್ಪತ್ತೇಳೋ ಸಾವಿರ. ಪಿಸ್ಟನ್ ರಿಂಗ್, ಲೈನರ್ (ಸಿಲಿಂಡರಿನ ಒಳಗೋಡೆ) ಕೆಲಸಕ್ಕೆ ತೊಂಬತ್ತು ಸಾವಿರ ಹೇಳಿದರು. ಬ್ಲೋ-ಬೈ, ಅಂದರೆ ರಿಂಗ್ ದಾಟಿ ಕೆಳಕ್ಕೆ ನುಸುಳುವ ಹೊಗೆ, ಇನ್ನೂ ಅಷ್ಟಿಲ್ಲವೆಂದು ಅದನ್ನು ಮುಂದಕ್ಕೆ ಹಾಕಿದೆ. ಆ ರಾತ್ರಿ ಫಿಲ್ಟರನ್ನು ಕತ್ತಲ ಕೋಣೆಗೆ ಒಯ್ದು ಒಳಗೆ ಬಲ್ಬ್ ಇಳಿಸಿ ನೋಡಿದೆ. ಮಡಿಕೆಗಳ ನಡುವೆ ಮೂರು ಕಡೆ ಬೆಳಕು ಸೂಜಿಯಂತೆ ತೂರಿ ಬರುತ್ತಿತ್ತು.

ಗ್ಯಾರೇಜಿನ ಮೇಸ್ತ್ರಿಗೆ ತೋರಿಸಿದರೆ, ‘ಕಾಗದ ಅಂದ ಮೇಲೆ ಅಷ್ಟೆಲ್ಲ ಇರುತ್ತದೆ ಸಾರ್, ಇನ್ನು ಮೇಲೆ ಎರಡೂವರೆ ಸಾವಿರ ಕಿ.ಮೀ.ಗೊಮ್ಮೆ ಗಾಳಿ ಹೊಡೆಸಿ’ ಎಂದ. ಅಂದರೆ ತೂತು ಮಾಡಿದ ಕೆಲಸವನ್ನೇ ಇನ್ನಷ್ಟು ಹೆಚ್ಚಿಸಬೇಕು! ಅಂದೇ ತೀರ್ಮಾನಿಸಿದೆ: ಕಣ್ಣಿಗೆ ಕೊಳೆಯಾಗಿ ಕಂಡಿತೆಂದು ಫಿಲ್ಟರ್ ಮುಟ್ಟುವುದಿಲ್ಲ, ಕಿ.ಮೀ. ಲೆಕ್ಕಕ್ಕೂ ಮುಟ್ಟುವುದಿಲ್ಲ. ಎಂಜಿನ್ ಉಸಿರೆಳೆಯಲು ಎಷ್ಟು ಕಷ್ಟಪಡುತ್ತಿದೆ ಎಂದು ಅಳೆದು, ಆ ಅಳತೆ ಹೇಳಿದಾಗ ಮಾತ್ರ ಬಿಚ್ಚುತ್ತೇನೆ, ಬಿಚ್ಚಿದರೆ ಹೊಸದನ್ನೇ ಹಾಕುತ್ತೇನೆ. ಹೊಸ ಕಾಗದಕ್ಕಿಂತ ಸ್ವಲ್ಪ ದೂಳು ಕೂತ ಕಾಗದವೇ ಚೆನ್ನಾಗಿ ಸೋಸುತ್ತದೆ; ಡಬ್ಬ ಬಿಚ್ಚಿದಾಗಲೆಲ್ಲ ಅಂಚಿನ ದೂಳು ಎಂಜಿನ್ ಕಡೆಗೆ ಹೋಗುವ ಒಳಪೈಪಿಗೆ ಉದುರುತ್ತದೆ. ಗಣಿ ಕಡೆಯ ಟಿಪ್ಪರುಗಳ ಉಸ್ತುವಾರಿ ನೋಡುವವರಿಗೆ ಇದು ಹಳೆಯ ಮಾತು. ಮಿನಿ ಬಸ್ಸಿನವರಿಗೆ ಹೇಳಿದರೆ ಹುಚ್ಚು ಎನ್ನುತ್ತಾರೆ.

ಅಳೆಯುವುದು ಹೇಗೆ? ಟ್ರ್ಯಾಕ್ಟರುಗಳಲ್ಲಿ ಬರುವ ಕೆಂಪು ಪಟ್ಟಿಯ ಇಂಡಿಕೇಟರನ್ನು ಐನೂರು ಚಿಲ್ಲರೆ ಕೊಟ್ಟು ತಂದೆ. ಅದು ಕಟ್ಟಿಕೊಂಡಾಗ ಕಟ್ಟಿತು ಎನ್ನುತ್ತದೆ, ಎಷ್ಟು ಕಟ್ಟಿತು ಎಂದು ಹೇಳುವುದಿಲ್ಲ. ಅದನ್ನು ಬದಿಗಿಟ್ಟು, ಗಾರೆ ಮೇಸ್ತ್ರಿಗಳು ನೀರುಮಟ್ಟ ನೋಡುವ ಪಾರದರ್ಶಕ ಪೈಪನ್ನು ಎರಡು ಮೀಟರ್ ಕತ್ತರಿಸಿ, U ಆಕಾರದಲ್ಲಿ ಹಲಗೆಗೆ ಬಿಗಿದು, ಕುಂಕುಮ ಕದಡಿದ ನೀರು ತುಂಬಿ, ಒಂದು ತುದಿಯನ್ನು ಫಿಲ್ಟರ್ ಮತ್ತು ಟರ್ಬೊ ನಡುವಿನ ಪೈಪಿಗೆ ಕೂಡಿಸಿದೆ. ಏರಿನಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಎರಡೂ ಬದಿಯ ನೀರಿನ ಮಟ್ಟದ ವ್ಯತ್ಯಾಸವನ್ನು ಪಕ್ಕದಲ್ಲಿ ಕೂತವರು ಇಂಚುಪಟ್ಟಿಯಲ್ಲಿ ಓದಬೇಕು. ಅಷ್ಟೇ, ಅದೇ ರಿಸ್ಟ್ರಿಕ್ಷನ್, ಅಂದರೆ ಗಾಳಿಗೆ ಬೀಳುವ ತಡೆ. ಹೆಂಡತಿ ಆಗುಂಬೆ ಘಾಟಿಯುದ್ದಕ್ಕೂ ಹಲಗೆ ಹಿಡಿದು ಕೂತಿದ್ದಳು. ಖಾಲಿ ನಿಂತ ಗಾಡಿಯಲ್ಲಿ ರೇಸ್ ಮಾಡಿ ಓದಿದರೆ ಅಂಕಿ ಸುಳ್ಳು ಹೇಳುತ್ತದೆ. ಟರ್ಬೊಗೆ ಲೋಡ್ ಬಿದ್ದಾಗಲೇ ನಿಜ ಕಾಣುವುದು. ಹೊಸ ಫಿಲ್ಟರಿಗೆ ಆರು ಇಂಚಿನ ಆಚೀಚೆ ಬಂತು. ಇಂಥ ಟರ್ಬೊ ಡೀಸೆಲ್‌ಗಳಿಗೆ ಸಾಮಾನ್ಯ ಮಿತಿ 25 ಇಂಚು. ನಾನು 22ಕ್ಕೆ ನಿಲ್ಲಿಸುತ್ತೇನೆ. ಪೈಪು ಸರಿಯಾಗಿ ಓದುತ್ತದೆ ಎಂದು ಖಾತ್ರಿಯಾದ ಮೇಲೆ ಡ್ಯಾಶ್‌ಬೋರ್ಡಿಗೆ ಅಂಕಿಯಿರುವ ಮುಳ್ಳಿನ ಗೇಜ್ ಹಾಕಿದೆ, ಸಾವಿರದ ಎಂಟುನೂರು.

ಮೊದಲ ಸುತ್ತಿನಲ್ಲಿ ಫಲ ಸಿಗಲಿಲ್ಲ. ಬಾಯಿ ಚಕ್ರದ ಹಿಂದೆಯೇ ಇದ್ದದ್ದರಿಂದ ಹೊಸ ಫಿಲ್ಟರ್ ಒಂಬತ್ತು ಸಾವಿರ ಕಿ.ಮೀ.ಗೇ 22 ಮುಟ್ಟಿತು. ಮೇಸ್ತ್ರಿಗೆ ಹಬ್ಬ. ಸಾವಿರದ ನಾನೂರರ ಫಿಲ್ಟರನ್ನು ಊದದೆ ಎಸೆಯುವವನನ್ನು ಅವನು ಕಂಡೇ ಇರಲಿಲ್ಲವಂತೆ.

ನಡುವೆ ಕೆಲವು ಪ್ರಯೋಗಗಳು. ಬಾಯಿಗೆ ಹಳೆಯ ಕಾಟನ್ ಸೀರೆಯ ಎರಡು ಪದರ ಕಟ್ಟಿದೆ: ಬೇಸಿಗೆಯಲ್ಲಿ ಬೊಂಬಾಟ್, ಮೊದಲ ಮಳೆಗೆ ಬಟ್ಟೆ ನೆನೆದು ಅಂಟಿಕೊಂಡು ಮುಳ್ಳು ಮೂವತ್ತರತ್ತ ಹಾರಿತು. ನೈಲಾನ್ ಕಾಲುಚೀಲ ದೊಡ್ಡ ಕಣ ಹಿಡಿಯಿತು, ನುಣ್ಣನೆಯದನ್ನು ಬಿಟ್ಟಿತು, ಎಂಜಿನ್ ಸವೆಸುವುದು ಆ ನುಣ್ಣನೆಯದೇ. ತೊಳೆದು ಎಣ್ಣೆ ಹಚ್ಚುವ ಹತ್ತಿಯ ಫಿಲ್ಟರನ್ನು ಗೆಳೆಯನೊಬ್ಬ ಬಲವಂತವಾಗಿ ಕೊಟ್ಟ, ಬೆಲೆ ನಾಲ್ಕು ಸಾವಿರದ ಮೇಲೆ. ಮುಳ್ಳು ನಾಲ್ಕು ಇಂಚಿಗೇ ನಿಂತಿತು, ಪಿಕಪ್ ಚುರುಕಾಯಿತು, ಅವನು ಹಿಗ್ಗಿದ. ಒಳಪೈಪಿನ ಗೋಡೆಗೆ ಬೆರಳಗಲದ ಗ್ರೀಸ್ ಸವರಿಟ್ಟಿದ್ದೆ. ಎರಡು ವಾರ ವಿಜಯಪುರ, ಕಲಬುರಗಿ ಕಡೆಯ ಕಪ್ಪು ನೆಲದಲ್ಲಿ ಸುತ್ತಿ ಬಂದು ನೋಡಿದರೆ ಗ್ರೀಸಿನಲ್ಲಿ ಬೆರಳಿಗೆ ಕರಕರ ಎನ್ನುವಷ್ಟು ಮರಳು. ಫಿಲ್ಟರನ್ನು ಅವನಿಗೆ ವಾಪಸು ಕೊಟ್ಟೆ, ಗ್ರೀಸನ್ನೂ ತೋರಿಸಿದೆ. ಗಾಳಿಯನ್ನು ಎಣ್ಣೆಯ ಬಟ್ಟಲಿನ ಮೂಲಕ ಹಾಯಿಸಿ ಸೋಸುವ, ಟ್ರ್ಯಾಕ್ಟರಿನ ಆಯಿಲ್ ಬಾತ್ ಹಾಕಿ ಎಂದವರೂ ಇದ್ದರು. ಗಾಳಿಯ ವೇಗ ಕಡಿಮೆಯಾದಾಗ ಅದು ಸರಿಯಾಗಿ ಸೋಸುವುದಿಲ್ಲ, ಘಾಟಿಯಲ್ಲಿ ವಾಲಿದರೆ ಎಣ್ಣೆಯೂ ವಾಲುತ್ತದೆ. ಆ ದಾರಿ ಹಿಡಿಯಲಿಲ್ಲ.

ಫಲ ಕೊಟ್ಟದ್ದು ಮೂರು ಸಂಗತಿಗಳು ಸೇರಿ. ಮೊದಲನೆಯದು, ಬಾಯನ್ನು ಮೇಲೇರಿಸಿದ್ದು. ಮೂರೂವರೆ ಇಂಚಿನ ಅಲ್ಯುಮಿನಿಯಂ ಪೈಪನ್ನು ಕ್ಯಾಬಿನ್ನಿನ ಎಡ ಮೂಲೆಯಲ್ಲಿ ಚಾವಣಿಯವರೆಗೆ ಒಯ್ದೆ. ಪಿವಿಸಿ ಸಾಕು ಎಂದರು. ಎಂಜಿನ್ ಹತ್ತಿರದ ತಿರುವು ಬಿಸಿಗೆ ಮೆತ್ತಗಾಗಿ ಚಪ್ಪಟೆಯಾದ ಮೇಲೆ ತೆಗೆದೆಸೆದೆ. ಮೂರೇ ತಿರುವು, ಎಲ್ಲವೂ ಉದ್ದನೆಯ ಬಾಗು. ಚೂಪಾದ ಎಲ್ಬೋ ಒಂದು ಹೆಚ್ಚಿದರೂ ಗೇಜಿನಲ್ಲಿ ಅರ್ಧ ಇಂಚು ತೋರಿಸುತ್ತದೆ. ಇಷ್ಟೆಲ್ಲ ಪೈಪಿನಿಂದ ಆರಂಭದ ಅಂಕಿ ಎಂಟಕ್ಕೆ ಏರಿತು, ಅದು ಲಾಭದ ಮುಂದೆ ಏನೂ ಅಲ್ಲ. ಎರಡನೆಯದು, ಪೈಪಿನ ತುದಿಗೆ ಪಾರದರ್ಶಕ ಬಟ್ಟಲಿನ ಪ್ರಿ-ಕ್ಲೀನರ್. ಗುಜರಿಯಲ್ಲಿ ಏಳುನೂರಕ್ಕೆ ಸಿಕ್ಕಿತು, ಬಟ್ಟಲು ಮಾತ್ರ ಹೊಸದು. ಗಾಳಿ ಒಳಗೆ ಸುತ್ತುವಾಗ ದಪ್ಪ ದೂಳು ಹೊರಕ್ಕೆ ಎಸೆಯಲ್ಪಟ್ಟು ಬಟ್ಟಲಿನಲ್ಲಿ ಕೂರುತ್ತದೆ. ಸಂಡೂರಿನಿಂದ ದೇವಗಿರಿ ಕಡೆ ಹೋಗಿಬಂದ ಸಂಜೆ ಬಟ್ಟಲಿನ ಕಾಲು ಭಾಗ ಕೆಂಪು ಪುಡಿ. ಮುಂಚೆ ಇದೆಲ್ಲ ಕಾಗದದ ಮೇಲೆ ಬೀಳುತ್ತಿದ್ದದ್ದು. ಎಂಜಿನ್ನಿನ ಗಾಳಿಯ ಅಳತೆಗೆ ಸರಿಯಾದ ಗಾತ್ರವನ್ನೇ ಆರಿಸಿ. ತೀರಾ ದೊಡ್ಡದಾದರೆ ಸುಳಿ ಏಳುವುದಿಲ್ಲ, ಚಿಕ್ಕದಾದರೆ ಉಸಿರು ಕಟ್ಟುತ್ತದೆ.

ಮೂರನೆಯದು ಸೋರಿಕೆ. ಡಬ್ಬದ ಮುಚ್ಚಳ, ಫಿಲ್ಟರಿನ ರಬ್ಬರ್ ಅಂಚು, ಟರ್ಬೊವರೆಗಿನ ಹೋಸು, ಕ್ಲಿಪ್ಪುಗಳು. ಫಿಲ್ಟರ್ ಎಷ್ಟು ಚೆನ್ನಾಗಿದ್ದರೂ ಅದರ ಆಚೆ ಸೀಳು ಬಿಟ್ಟ ಹೋಸು ಇದ್ದರೆ ಎಲ್ಲ ವ್ಯರ್ಥ. ಸ್ಕ್ರೂ ತಿರುಗಿಸಿ ಬಿಗಿಯುವ ಹಲ್ಲುಪಟ್ಟಿಯ ಅಗ್ಗದ ಕ್ಲಿಪ್ ತೆಗೆದು, ಬೋಲ್ಟಿನಿಂದ ಬಿಗಿಯುವ ಟಿ-ಬೋಲ್ಟ್ ಕ್ಲಿಪ್ ಹಾಕಿದೆ. ಡಬ್ಬದ ತಳದಲ್ಲಿ ದೂಳು ಹೊರಕ್ಕೆ ಉದುರಿಸುವ ರಬ್ಬರ್ ಬಾಯಿ ಗಟ್ಟಿಯಾಗಿ ಸದಾ ತೆರೆದೇ ಇತ್ತು, ಬದಲಿಸಿದೆ. ಮುಚ್ಚಳದ ಅಂಚಿಗೆ ನಾನು ಸವರುವ ಪದಾರ್ಥ ಯಾವುದೆಂದು ಹಲವರು ಕೇಳಿದ್ದಾರೆ. ಅದನ್ನು ಕಂಡುಕೊಳ್ಳಲು ಎರಡು ಮುಚ್ಚಳ ಹಾಳಾಗಿವೆ, ಹಾಗಾಗಿ ಅದು ನನ್ನಲ್ಲೇ ಇರಲಿ. ಸಿಲಿಕೋನ್ ಸೀಲಂಟ್ ಅಲ್ಲ ಎಂದಷ್ಟೇ ಹೇಳುತ್ತೇನೆ, ಕಾರಣ ಮುಂದಿದೆ.

ಒಳಗೆ ಏನಾಗುತ್ತಿದೆ ಎಂದು ತಿಳಿಯಲು ಎಂಜಿನ್ ಆಯಿಲ್ ಪರೀಕ್ಷೆಗೆ ಕಳಿಸುತ್ತಿದ್ದೆ, ಸಲಕ್ಕೆ ಸಾವಿರದ ಐನೂರರಷ್ಟು. ದೂಳು ಒಳಹೋದರೆ ವರದಿಯಲ್ಲಿ ಸಿಲಿಕಾನ್ ಏರುತ್ತದೆ. ಹಳೆಯ ಪದ್ಧತಿಯಲ್ಲಿ ನಲವತ್ತು ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ನಲವತ್ತು) ದಾಟಿತ್ತು. ಹೊಸ ಜೋಡಣೆಯ ನಂತರ ಇಳಿಯಬೇಕಾದದ್ದು ಇನ್ನೂ ಏರಿತು! ಊದಿಸಿ ಎಂದವರು ಆ ಕಾಗದವನ್ನು ಫೋಟೊ ತೆಗೆದು ಹಂಚಿದರು. ಗ್ರೀಸ್ ಪಟ್ಟಿ ಮಾತ್ರ ಕನ್ನಡಿಯಷ್ಟು ಸ್ವಚ್ಛ. ಆಮೇಲೆ ಹೊಳೆಯಿತು, ಎಂಜಿನ್ ತಳದ ಆಯಿಲ್ ಸಂಪಿನ ಸೋರಿಕೆಗೆ ಗ್ಯಾರೇಜಿನವರು ಆಗಷ್ಟೇ ಟ್ಯೂಬುಗಟ್ಟಲೆ ಸಿಲಿಕೋನ್ ಮೆತ್ತಿದ್ದರು. ಆ ಸೀಲಂಟಿನಿಂದಲೂ ಆಯಿಲಿಗೆ ಸಿಲಿಕಾನ್ ಇಳಿಯುತ್ತದೆ. ಮತ್ತೆರಡು ಸಲ ಆಯಿಲ್ ಬದಲಿಸಿದ ಮೇಲೆ ಹದಿನೈದರ ಒಳಗೆ ಬಂತು, ಈಗ ಹತ್ತು, ಹನ್ನೆರಡು. ಬಳ್ಳಾರಿ, ಸಂಡೂರು ಕಡೆ ಓಡಿಸುವವರಿಗೆ ಇನ್ನೊಂದು ಮಾತು: ವರದಿಯಲ್ಲಿ ಕಬ್ಬಿಣ ಹೆಚ್ಚಿದರೆ ಲೈನರ್ ಸವೆಯಿತೆಂದು ತಕ್ಷಣ ಎಂಜಿನ್ ಇಳಿಸಬೇಡಿ. ಅಲ್ಲಿನ ದೂಳೇ ಕಬ್ಬಿಣದ ಅದಿರು. ಎಂಜಿನ್ನೇ ಸವೆಯುತ್ತಿದ್ದರೆ ಕಾಣುವ ಕ್ರೋಮಿಯಂ, ಅಲ್ಯುಮಿನಿಯಂ ಕೂಡ ಜೊತೆಗೆ ಏರಿವೆಯೇ ನೋಡಿ.

ಲಾರಿಗೂ ಮೋಟರ್‌ಹೋಮಿಗೂ ಇರುವ ವ್ಯತ್ಯಾಸ ನಿಂತ ದಿನಗಳದ್ದು. ಲಾರಿ ದಿನವೂ ಓಡುತ್ತದೆ. ನಮ್ಮದು ಮಳೆಗಾಲವಿಡೀ ಕುಂದಾಪುರದ ಶೆಡ್ಡಿನಲ್ಲಿ ನಿಲ್ಲುತ್ತದೆ. ಮೊದಲ ವರ್ಷ ಇಲಿ ಪೈಪಿನೊಳಗೆ ತೆಂಗಿನ ನಾರು, ಸೀಟಿನ ಫೋಮ್ ತುಂಬಿ ಗೂಡು ಕಟ್ಟಿತ್ತು. ಈಗ ಬಾಯಿಗೆ ಸ್ಟೀಲಿನ ಜಾಲರಿಯಿದೆ. ಕಣಜ ಇನ್ನೂ ಜಾಣ, ನೀರು ಇಳಿಯುವ ಸಣ್ಣ ರಂಧ್ರಕ್ಕೆ ಮಣ್ಣು ಮೆತ್ತಿ ಮುಚ್ಚಿಬಿಡುತ್ತದೆ. ಆಮೇಲೆ ಸುರಿದ ಮಳೆಯ ನೀರು ಡಬ್ಬದ ತಳದಲ್ಲಿ ನಿಂತು ಕಾಗದ ಮುಗ್ಗಲಾಗುತ್ತದೆ. ನಿಲ್ಲಿಸುವಾಗ ಬಾಯಿಗೆ ಟೋಪಿ ಹಾಕಿ, ಸ್ಟೇರಿಂಗಿಗೆ ಕೆಂಪು ಬಟ್ಟೆ ಕಟ್ಟುತ್ತೇನೆ, ಟೋಪಿ ತೆಗೆಯದೆ ಯಾರೂ ಸ್ಟಾರ್ಟ್ ಮಾಡಬಾರದೆಂದು. ತೇವದಲ್ಲಿ ಅಂಟು, ಕಾಗದ ಎರಡೂ ಬಡವಾಗುವುದರಿಂದ ಗೇಜ್ ಏನೇ ಹೇಳಲಿ, ಮೂರು ವರ್ಷ ದಾಟಿದ ಫಿಲ್ಟರನ್ನು ಇಟ್ಟುಕೊಳ್ಳುವುದಿಲ್ಲ. ನನ್ನ ಪದ್ಧತಿಗೆ ಇದೊಂದೇ ವಿನಾಯಿತಿ.

ಹಣದ ಲೆಕ್ಕ ನೆನಪಿನಿಂದ: ಪೈಪು, ವೆಲ್ಡಿಂಗ್, ಪ್ರಿ-ಕ್ಲೀನರ್, ಗೇಜ್, ಕ್ಲಿಪ್, ಹೋಸು ಎಲ್ಲ ಸೇರಿ ಒಂಬತ್ತೂವರೆ ಸಾವಿರ. ಪ್ರಯೋಗಗಳಿಗೆ ಹೋದದ್ದು ಅದಕ್ಕಿಂತ ಹೆಚ್ಚೇ ಇರಬೇಕು, ಆ ಚೀಟಿಗಳನ್ನು ಇಟ್ಟಿಲ್ಲ. ಬದಲಾದ ಮೇಲಿನ ಮೊದಲ ಫಿಲ್ಟರ್ ಮೂವತ್ತೆಂಟು ಸಾವಿರ ಕಿ.ಮೀ. ಚಿಲ್ಲರೆ ಓಡಿ 22 ತಲುಪಿತು, ಅದರಲ್ಲಿ ಕಛ್‌ನ ರಣ್‌ವರೆಗಿನ ಒಂದು ಸುತ್ತೂ ಸೇರಿದೆ. ಈಗಿನದು ಹದಿಮೂರು ಇಂಚಿನಲ್ಲಿದೆ. ಮುಖ್ಯ ಫಿಲ್ಟರಿನೊಳಗೆ ಕಾವಲಿಗಿರುವ ಎರಡನೇ ಫಿಲ್ಟರನ್ನು (ಸೇಫ್ಟಿ ಎಲಿಮೆಂಟ್) ಹೊರಗಿನದು ಮೂರು ಸಲ ಬದಲಾದಾಗ ಒಮ್ಮೆ ಬದಲಿಸುತ್ತೇನೆ, ಎಂದೂ ಊದುವುದಿಲ್ಲ. ನಾನೂರೈವತ್ತಕ್ಕೆ ಸಿಗುವ ಹೆಸರಿಲ್ಲದ ಫಿಲ್ಟರನ್ನೂ ಒಮ್ಮೆ ಹಾಕಿ ನೋಡಿದೆ: ಮಡಿಕೆಗಳು ಎಣಿಕೆಗೆ ಮೂರನೇ ಒಂದು ಭಾಗ ಕಡಿಮೆ, ರಬ್ಬರ್ ಅಂಚು ಡಬ್ಬಕ್ಕೆ ಕೂರಲೇ ಇಲ್ಲ. ಮೇಸ್ತ್ರಿ ಕಳೆದ ತಿಂಗಳು ತನ್ನ ಅಳಿಯನ ಶಾಲಾ ಬಸ್ಸಿಗೆ ಇಂಥದೇ ಗೇಜ್ ಎಲ್ಲಿ ಸಿಗುತ್ತದೆ ಎಂದು ಕೇಳಿದ. ಅಂಗಡಿ ಹೇಳಿದ್ದೇನೆ, ಮುಚ್ಚಳದ ಪದಾರ್ಥ ಅವನಿಗೂ ಹೇಳಿಲ್ಲ.