ಕಡಿಮೆ ಬೆಲೆಯ ಡೆಸ್ಕ್‌ಟಾಪ್ ಪ್ರೊಸೆಸರ್: ಬೆಲೆ ತೂಗುವುದು, ಸ್ಟಾಕ್ ಹುಡುಕುವುದು ಹೇಗೆ

ಹೊಸದಾಗಿ ಡೆಸ್ಕ್‌ಟಾಪ್ ಜೋಡಿಸಲು ಹೊರಟವರು ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ತೀರ್ಮಾನಿಸಿಕೊಳ್ಳಬೇಕಾದ ಸಂಗತಿಯೊಂದಿದೆ. ಈ ಕಂಪ್ಯೂಟರಿಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಹಾಕುತ್ತೇವೆಯೇ, ಇಲ್ಲವೇ? ಇದು ಇತ್ಯರ್ಥವಾಗದೆ ಯಾವ ಪ್ರೊಸೆಸರಿನ ಬೆಲೆಯನ್ನೂ ಇನ್ನೊಂದರ ಜೊತೆ ಹೋಲಿಸಲು ಬರುವುದಿಲ್ಲ. ನನ್ನ ಅಕ್ಕನ ಮಗ ಇದನ್ನು ಕಷ್ಟಪಟ್ಟು ಕಲಿತ. ಇಂಟೆಲ್‌ನ ಐ3-12100 ಮತ್ತು ಐ3-12100ಎಫ್ ಎರಡರಲ್ಲೂ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಎಂಟು ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆ) ಇರುವುದನ್ನು ನೋಡಿ, ಎಫ್ ಇರುವುದು ಅಗ್ಗ ಎಂದು ಅದನ್ನೇ ತಂದ. ಜೋಡಿಸಿ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಬೋರ್ಡಿನ ದೀಪ ಉರಿಯುತ್ತದೆ, ಮಾನಿಟರಿನಲ್ಲಿ ಮಾತ್ರ ಏನೂ ಇಲ್ಲ. ಎರಡು ದಿನ ರ‍್ಯಾಮ್ ತೆಗೆದು ಹಾಕಿದ, ಕೇಬಲ್ ಬದಲಿಸಿದ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ ಎಫ್ ಇದ್ದರೆ ಒಳಗಿನ ಗ್ರಾಫಿಕ್ಸ್ ಭಾಗ ಕೆಲಸ ಮಾಡುವುದಿಲ್ಲ ಎಂಬುದನ್ನು ಮಾರಿದವರು ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಕೊನೆಗೆ ಹಳೆಯದೊಂದು ಗ್ರಾಫಿಕ್ಸ್ ಕಾರ್ಡ್ ಕೊಂಡಾಗ, ಉಳಿಸಿದ ಹಣಕ್ಕಿಂತ ಹೆಚ್ಚೇ ಖರ್ಚಾಯಿತು.

ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯಲ್ಲಿ ಗುರುತು ಬೇರೆ. ಎಎಂ4 ಸಾಕೆಟ್ಟಿನ (ಸಾಕೆಟ್ಟೆಂದರೆ ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ರೈಜೆನ್ 5 5500 ಮತ್ತು 5600 ಎರಡರಲ್ಲೂ ಗ್ರಾಫಿಕ್ಸ್ ಇಲ್ಲ, 5600ಜಿಯಲ್ಲಿ ಇದೆ. ಎಎಂ5 ಸಾಕೆಟ್ಟಿಗೆ ಬಂದರೆ 7600ರಲ್ಲಿ ಪರದೆ ಬೆಳಗುವಷ್ಟು ಗ್ರಾಫಿಕ್ಸ್ ಇದೆ, 7500ಎಫ್ ಮತ್ತು 8400ಎಫ್‌ಗಳಲ್ಲಿ ಇಲ್ಲ. ಕಾರ್ಡ್ ಹಾಕುವುದು ಖಚಿತವಾಗಿದ್ದವರಿಗೆ ಗ್ರಾಫಿಕ್ಸ್ ಇಲ್ಲದ ಪ್ರೊಸೆಸರ್ ಒಳ್ಳೆಯ ವ್ಯಾಪಾರವೇ. ಆದರೂ ಬೆಲೆಯ ಅಂತರ ಸಾವಿರ ರೂಪಾಯಿಯ ಒಳಗಿದ್ದರೆ ಗ್ರಾಫಿಕ್ಸ್ ಇರುವುದನ್ನೇ ಕೊಳ್ಳಿ ಎಂದು ನಾನು ಹೇಳುತ್ತೇನೆ. ಮುಂದೊಂದು ದಿನ ಕಾರ್ಡ್ ಕೆಟ್ಟರೆ, ಅದು ವಾರಂಟಿಗೆ ಹೋಗಿ ಬರುವವರೆಗೆ ಮನೆಯ ಕಂಪ್ಯೂಟರ್ ಮೂಲೆ ಸೇರಬೇಕಾಗಿಲ್ಲ.

ಇನ್ನು ಬೆಲೆಯ ಲೆಕ್ಕಕ್ಕೆ ಬರೋಣ. ಹೆಚ್ಚಿನವರು ಪ್ರೊಸೆಸರಿನ ಬೆಲೆಯನ್ನು ಅದರ ವೇಗದ ಅಂಕಕ್ಕೆ ಭಾಗಿಸಿ, ಯಾವುದಕ್ಕೆ ಕಡಿಮೆ ಬಂತೋ ಅದೇ ಲಾಭ ಎಂದು ತೀರ್ಮಾನಿಸುತ್ತಾರೆ. ಆದರೆ ಪ್ರೊಸೆಸರ್ ಒಂದನ್ನೇ ಮೇಜಿನ ಮೇಲಿಟ್ಟು ಯಾರೂ ಕೆಲಸ ಮಾಡುವುದಿಲ್ಲವಾದ್ದರಿಂದ ಭಾಗಿಸಬೇಕಾದದ್ದು ಇಡೀ ಯಂತ್ರದ ಬೆಲೆಯನ್ನು. ಒಂದು ಪ್ರೊಸೆಸರಿಗೆ 9,000 ರೂಪಾಯಿ, ಇನ್ನೊಂದಕ್ಕೆ 12,000 ಎಂದಿಟ್ಟುಕೊಳ್ಳಿ. ಮೊದಲನೆಯದನ್ನು ಹಾಕಿದರೆ ಇಡೀ ಕಂಪ್ಯೂಟರಿಗೆ 40,000 ತಗಲುತ್ತದೆ ಎನ್ನೋಣ. ಪ್ರೊಸೆಸರ್ ಮಟ್ಟಿಗೆ ನೋಡಿದರೆ ಎರಡನೆಯದು ಮೂರನೇ ಒಂದು ಪಾಲು ದುಬಾರಿ. ಇಡೀ ಯಂತ್ರದ ಮಟ್ಟಿಗೆ ಹೆಚ್ಚಳ ಶೇ. 7.5 ಮಾತ್ರ. ನೀವು ಮಾಡುವ ಕೆಲಸದಲ್ಲಿ ಅದು ಶೇ. 20ರಷ್ಟು ವೇಗ ಕೊಡುವುದಾದರೆ ಆ 3,000 ಸಾರ್ಥಕ. ನೀವು ಮಾಡುವ ಕೆಲಸ ಎಂಬ ಮಾತು ಇಲ್ಲಿ ಮುಖ್ಯ. ನುಡಿಯಲ್ಲಿ ಟೈಪ್ ಮಾಡುವುದು, ಟ್ಯಾಲಿಯಲ್ಲಿ ಲೆಕ್ಕ ಬರೆಯುವುದು, ಬ್ರೌಸರಿನಲ್ಲಿ ಅರ್ಜಿ ತುಂಬುವುದು ಇಷ್ಟೇ ಆದರೆ ಇತ್ತೀಚಿನ ನಾಲ್ಕು ಕೋರಿನ ಪ್ರೊಸೆಸರಿಗೂ ಆರು ಕೋರಿನದಕ್ಕೂ ವ್ಯತ್ಯಾಸವೇ ಕಾಣಿಸದು. ಆ ಹಣ ಒಳ್ಳೆಯ ಎಸ್‌ಎಸ್‌ಡಿಗೋ ಎರಡನೆಯ ರ‍್ಯಾಮ್ ಕಡ್ಡಿಗೋ ಹೋಗಲಿ. ವಿಡಿಯೊ ಸಂಕಲನ ಮಾಡುವವರು, ಈಚಿನ ಆಟಗಳನ್ನು ಆಡುವವರು ಮಾತ್ರ ಆರು ಕೋರಿಗೆ ಹೋಗುವುದು ಒಳ್ಳೆಯದು.

ಇಡೀ ಯಂತ್ರದ ಲೆಕ್ಕದಲ್ಲಿ ಪ್ರೊಸೆಸರಿನ ಜೊತೆಗೇ ಅಂಟಿಕೊಂಡು ಬರುವ ಎರಡು ಖರ್ಚುಗಳೆಂದರೆ ಮದರ್‌ಬೋರ್ಡ್ ಮತ್ತು ರ‍್ಯಾಮ್. ಎಎಂ4ಗೆ ಡಿಡಿಆರ್4 ರ‍್ಯಾಮ್ ಬೇಕು, ಎಎಂ5ಗೆ ಡಿಡಿಆರ್5 ಬಿಟ್ಟರೆ ಬೇರೆ ದಾರಿಯಿಲ್ಲ. ಇಂಟೆಲ್‌ನ 12, 13, 14ನೇ ತಲೆಮಾರುಗಳು ಕೂರುವ ಎಲ್‌ಜಿಎ1700 ಸಾಕೆಟ್ಟಿನಲ್ಲಿ ಬೋರ್ಡನ್ನು ಅವಲಂಬಿಸಿ ಎರಡೂ ಸಾಧ್ಯ. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಗಗನಕ್ಕೇರಿದಾಗ ಹಲವರ ಲೆಕ್ಕ ತಲೆಕೆಳಗಾಯಿತು. ಪ್ರೊಸೆಸರಿನ ಬೆಲೆಯಲ್ಲಿ ಉಳಿಸಿದ್ದನ್ನು ರ‍್ಯಾಮ್ ನುಂಗಿಹಾಕಿತು. ಹಳೆಯ ಯಂತ್ರದ ಡಿಡಿಆರ್4 ಕಡ್ಡಿಗಳು ಮನೆಯಲ್ಲಿದ್ದರೆ ನಿಮ್ಮ ಪಾಲಿಗೆ ಅಗ್ಗದ ಪ್ರೊಸೆಸರ್ ಬಹುಮಟ್ಟಿಗೆ ಎಎಂ4 ಅಥವಾ ಡಿಡಿಆರ್4 ಬೋರ್ಡಿನ ಎಲ್‌ಜಿಎ1700ನದೇ. ಎಲ್ಲವನ್ನೂ ಹೊಸದಾಗಿ ಕೊಳ್ಳುವವರು, ನಾಲ್ಕು ವರ್ಷದ ಮೇಲೆ ಬೋರ್ಡ್ ಬದಲಿಸದೆ ಪ್ರೊಸೆಸರ್ ಮಾತ್ರ ಬದಲಿಸುವ ಯೋಚನೆಯುಳ್ಳವರು ಎಎಂ5 ಕಡೆ ನೋಡಬೇಕು. ಒಂದೇ ಎಎಂ4 ಬೋರ್ಡಿನಲ್ಲಿ ಐದಾರು ವರ್ಷಗಳ ಅಂತರದ ಪ್ರೊಸೆಸರುಗಳು ಓಡಿದ್ದನ್ನು ನಾವು ಕಂಡಿದ್ದೇವೆ.

ಮಾದರಿಯ ಸಂಖ್ಯೆಯನ್ನು ಓದಲು ಕಲಿಯದವರಿಗೆ ಮೋಸ ಹೋಗುವ ಸಂಭವ ಹೆಚ್ಚು. ರೀಫರ್ಬಿಶ್ಡ್ ಕಂಪ್ಯೂಟರುಗಳ ಜಾಹೀರಾತಿನಲ್ಲಿ 'ಐ5 ಕಂಪ್ಯೂಟರ್' ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅದು 2011ರ ಐ5-2400 ಆಗಿರಬಹುದು. ಅದಕ್ಕಿರುವುದು ನಾಲ್ಕು ಕೋರ್, ನಾಲ್ಕು ಥ್ರೆಡ್. 2022ರಲ್ಲಿ ಬಂದ ಐ3-12100 ಹೆಸರಿಗೆ ಐ3 ಆದರೂ ಅದನ್ನು ಎಲ್ಲ ಕೆಲಸದಲ್ಲೂ ಬಹಳ ಹಿಂದೆ ಹಾಕುತ್ತದೆ. ಇದರ ವಿರುದ್ಧದ ತಪ್ಪೂ ಇದೆ. 12100ಕ್ಕಿಂತ 14100 ಎರಡು ತಲೆಮಾರು ಮುಂದಿನದೆಂದು ಹೆಚ್ಚು ಹಣ ಕೊಡುವವರಿದ್ದಾರೆ. ಎರಡರಲ್ಲೂ ನಾಲ್ಕೇ ಕೋರ್, 12 ಎಂಬಿ ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಸ್ಮರಣೆ). ಗರಿಷ್ಠ ವೇಗ 4.3ರಿಂದ 4.7 ಗಿಗಾಹರ್ಟ್ಸ್‌ಗೆ ಏರಿದೆ, ಅಷ್ಟೆ. ಬೆಲೆಯ ಅಂತರ ಶೇ. 10ರೊಳಗೆ ಇದ್ದರೆ ಹೊಸದು, ಅದಕ್ಕಿಂತ ಹೆಚ್ಚಿದ್ದರೆ ಹಳೆಯದು ಎಂಬುದು ನನ್ನ ಅಳತೆ. ಎಎಂಡಿಯ 5500 ಮತ್ತು 5600ರ ವಿಷಯದಲ್ಲಿ ಇದು ಅನ್ವಯಿಸದು. ಎರಡಕ್ಕೂ ಆರು ಕೋರ್, ಹನ್ನೆರಡು ಥ್ರೆಡ್ ಇದ್ದರೂ 5600ಕ್ಕೆ 32 ಎಂಬಿ ಎಲ್3 ಕ್ಯಾಶ್, 5500ಕ್ಕೆ ಅದರ ಅರ್ಧ. ಜೊತೆಗೆ 5500, ಗ್ರಾಫಿಕ್ಸ್ ಕಾರ್ಡನ್ನು ಪ್ರೊಸೆಸರಿಗೆ ಜೋಡಿಸುವ ಪಿಸಿಐಇ ಸಂಪರ್ಕದ ಹಳೆಯ 3ನೇ ಆವೃತ್ತಿಗೆ ನಿಲ್ಲುತ್ತದೆ. ಆ ಸಂಪರ್ಕದ ನಾಲ್ಕೇ ಲೇನ್ (ಹಾದಿ) ಬಳಸುವ ಆರ್‌ಎಕ್ಸ್ 6500 ಎಕ್ಸ್‌ಟಿಯಂತಹ ಅಗ್ಗದ ಕಾರ್ಡನ್ನು ಅದಕ್ಕೆ ಜೋಡಿಸಿದರೆ ಕಾರ್ಡಿನ ವೇಗವೂ ಕುಗ್ಗುತ್ತದೆ. ಅಗ್ಗದ ಪ್ರೊಸೆಸರಿಗೆ ಅಗ್ಗದ ಕಾರ್ಡನ್ನೇ ಜೋಡಿಸುವುದು ವಾಡಿಕೆಯಾದ್ದರಿಂದ ಈ ಪೆಟ್ಟು ಬೀಳುವುದು ಸರಿಯಾಗಿ ನಮ್ಮಂಥವರಿಗೇ.

ವಿದೇಶದ ವಿಮರ್ಶೆಗಳಲ್ಲಿ ಕಾಣುವ ಡಾಲರ್ ಬೆಲೆಯನ್ನು ನೇರವಾಗಿ ರೂಪಾಯಿಗೆ ಪರಿವರ್ತಿಸಿಕೊಂಡು ಅಂಗಡಿಯವರ ಮೇಲೆ ಸಿಟ್ಟಾಗುವುದು ಸರಿಯಲ್ಲ. ಅಮೆರಿಕದಲ್ಲಿ ಹೇಳುವ ಬೆಲೆಗೆ ತೆರಿಗೆ ಸೇರಿರುವುದಿಲ್ಲ. ಇಂಟೆಲ್ ಪ್ರಕಟಿಸುವ ಬೆಲೆಯಂತೂ ಸಾವಿರ ಪ್ರೊಸೆಸರುಗಳನ್ನು ಒಟ್ಟಿಗೆ ಕೊಳ್ಳುವವರಿಗೆ ಅನ್ವಯಿಸುವಂಥದು. ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ 100 ಡಾಲರಿಗೆ 8,500, ಶೇ. 18 ಜಿಎಸ್‌ಟಿ ಸೇರಿದರೆ 10,030. ಸಗಟು ವಿತರಕರ ಮತ್ತು ಅಂಗಡಿಯ ಲಾಭ ಇದರ ಮೇಲೆ. ಹೀಗೆ ಬಂದ ಮೊತ್ತಕ್ಕಿಂತ ಶೇ. 10ರಷ್ಟು ಹೆಚ್ಚು ಹೇಳಿದರೆ ಚೌಕಾಸಿ ಮಾಡಿ. ಶೇ. 25 ದಾಟಿದರೆ, ಮಾಲು ಪೇಟೆಯಲ್ಲಿ ತೀರುತ್ತಾ ಬಂದಿದೆ ಎಂದು ತಿಳಿದು ಬೇರೆ ಮಾದರಿಯತ್ತ ತಿರುಗುವುದು ಮೇಲು.

ಪೇಟೆಯಲ್ಲಿ ಮಾಲು ತೀರುವ ಈ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಯಾರಕರ ಕೈಗೆ ಸಿಲಿಕಾನ್ ಸಾಲದಾದಾಗ ಮೊದಲು ಕಾಣೆಯಾಗುವುದು ಅಗ್ಗದ ಪ್ರೊಸೆಸರ್. 2017ರ ಜನವರಿಯಲ್ಲಿ ಇಂಟೆಲ್ ಪೆಂಟಿಯಂ ಜಿ4560 ಬಂತು. ಎರಡು ಕೋರಿಗೆ ನಾಲ್ಕು ಥ್ರೆಡ್ ಕೊಟ್ಟ ಅದು ದುಪ್ಪಟ್ಟು ಬೆಲೆಯ ಐ3ಗೆ ಹತ್ತಿರ ಹತ್ತಿರ ಸಮನಾಗಿದ್ದರಿಂದ ಎಲ್ಲರೂ ಅದನ್ನೇ ಕೇಳಿದರು. ಕೆಲವೇ ತಿಂಗಳಲ್ಲಿ ಸಿಗುವುದು ಕಷ್ಟವಾಗಿ ಬೆಲೆ ಏರಿತು. 2018ರಲ್ಲಿ 14 ನ್ಯಾನೊಮೀಟರ್ ಕಾರ್ಖಾನೆಗಳು ಬೇಡಿಕೆಗೆ ಸಾಲದಾದಾಗ, ಇಂಟೆಲ್‌ನ ಹಂಗಾಮಿ ಮುಖ್ಯಸ್ಥರಾಗಿದ್ದ ಬಾಬ್ ಸ್ವಾನ್ ಅವರು ಸೆಪ್ಟೆಂಬರಿನಲ್ಲಿ ಬಹಿರಂಗ ಪತ್ರ ಬರೆದು ಸರ್ವರ್‌ಗಳ ಕ್ಸಿಯಾನ್ ಹಾಗೂ ಮೇಲ್ದರ್ಜೆಯ ಕೋರ್ ಪ್ರೊಸೆಸರುಗಳಿಗೆ ಆದ್ಯತೆ ಕೊಡುವುದಾಗಿ ತಿಳಿಸಿದರು. ಆದ್ಯತೆಯ ಹೊರಗೆ ಉಳಿದದ್ದು ಪೆಂಟಿಯಂ ಮತ್ತು ಸೆಲೆರಾನ್ ಕೊಳ್ಳುವ ನಮ್ಮ ಪಾಲು.

ನಾನೇ ಬೆನ್ನು ಹತ್ತಿ ಸೋತದ್ದು 2020ರ ರೈಜೆನ್ 3 3300ಎಕ್ಸ್ ವಿಷಯದಲ್ಲಿ. 120 ಡಾಲರಿನ ಆ ಪ್ರೊಸೆಸರನ್ನು ವಿಮರ್ಶಕರೆಲ್ಲ ಹೊಗಳಿದರು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ತಿಂಗಳುಗಟ್ಟಲೆ ಕೇಳಿದೆ. 'ಮುಂದಿನ ವಾರ ಬರುತ್ತದೆ ಸಾರ್' ಎಂಬ ಉತ್ತರ ಬಿಟ್ಟರೆ ಬೇರೇನೂ ಸಿಗಲಿಲ್ಲ. ಕಾರಣ ಅದರ ರಚನೆಯಲ್ಲೇ ಇತ್ತು. ಎಂಟು ಕೋರಿನ ಚಿಪ್ಪಿನಲ್ಲಿ ನಾಲ್ಕು ನಾಲ್ಕರ ಎರಡು ಗುಂಪು ಇರುತ್ತಿದ್ದವು. ಅವುಗಳಲ್ಲಿ ಒಂದು ಗುಂಪು ಪೂರ್ತಿ ಸರಿಯಿದ್ದು ಇನ್ನೊಂದನ್ನು ಮುಚ್ಚಿದರೆ 3300ಎಕ್ಸ್. ಎರಡೂ ಗುಂಪಿನಿಂದ ಎರಡೆರಡು ಕೋರ್ ತೆಗೆದುಕೊಂಡರೆ 3100. ಆರು ಕೋರ್ ಸರಿಯಿರುವ ಚಿಪ್ಪನ್ನು ಹೆಚ್ಚಿನ ಬೆಲೆಗೆ ಮಾರಲು ಬರುವಾಗ ಅದನ್ನು ನಾಲ್ಕು ಕೋರಿನದೆಂದು ಅಗ್ಗಕ್ಕೆ ಕೊಡುವ ಅಗತ್ಯ ತಯಾರಕರಿಗೆ ಇರುವುದಿಲ್ಲ. ಆದ್ದರಿಂದ, ದುಬಾರಿ ಪ್ರೊಸೆಸರಿನ ದೋಷವುಳ್ಳ ಚಿಪ್ಪುಗಳಿಂದ ತಯಾರಾಗುವ ಮಾದರಿ ಬಹಳ ಅಗ್ಗವಾಗಿ ಕಂಡರೆ, ಕಂಡ ದಿನವೇ ಕೊಳ್ಳಬೇಕು ಅಥವಾ ಮರೆತುಬಿಡಬೇಕು. ಸಣ್ಣ ಚಿಪ್ಪನ್ನೇ ಬೇರೆಯಾಗಿ ತಯಾರಿಸಿ ಮಾರುವ ಮಾದರಿಗಳು ಹೆಚ್ಚು ಕಾಲ ಸಿಗುತ್ತವೆ.

ಸ್ಟಾಕ್ ವಿಚಾರಿಸುವಾಗ 'ಇದೆಯಾ' ಎಂದು ಕೇಳಿದರೆ ಸಾಲದು. 'ಈಗ ಅಂಗಡಿಯಲ್ಲೇ ಇದೆಯೇ, ತರಿಸಿಕೊಡುತ್ತೀರೋ' ಎಂದು ಕೇಳಿ. ತರಿಸಿಕೊಡುವುದಾದರೆ ಮುಂಗಡ ಕೊಡಬೇಡಿ. ಬೋರ್ಡನ್ನು ಮೊದಲು ಕೊಂಡು ಪ್ರೊಸೆಸರಿಗೆ ಕಾಯುವುದಂತೂ ಬೇಡವೇ ಬೇಡ. ಎರಡನ್ನೂ ಒಂದೇ ದಿನ, ಸಾಧ್ಯವಾದರೆ ಒಂದೇ ಬಿಲ್ಲಿನಲ್ಲಿ ಕೊಳ್ಳಿ. ಹಾಗೆ ಮಾಡಿದರೆ ಬಯಾಸ್ (ಬೋರ್ಡಿನಲ್ಲೇ ಇರುವ, ಯಂತ್ರವನ್ನು ಎಬ್ಬಿಸುವ ತಂತ್ರಾಂಶ) ಹಳೆಯದಾಗಿ ಬೋರ್ಡ್ ಪ್ರೊಸೆಸರನ್ನು ಗುರುತಿಸದಿದ್ದಾಗ ಅಪ್‌ಡೇಟ್ ಮಾಡಿಕೊಡುವ ಹೊಣೆ ಅಂಗಡಿಯದೇ ಆಗುತ್ತದೆ. ಹಳೆಯ ಸ್ಟಾಕಿನ ಬಿ450 ಬೋರ್ಡಿಗೆ ರೈಜೆನ್ 5000 ಹಾಕುವಾಗ, ಎಚ್610 ಬೋರ್ಡಿಗೆ 14ನೇ ತಲೆಮಾರು ಹಾಕುವಾಗ ಈ ತೊಂದರೆ ಬರುತ್ತದೆ. ಮೊದಲ ಆಯ್ಕೆ ಸಿಗದಿದ್ದರೆ ಅದೇ ಬೋರ್ಡಿಗೆ ಹೊಂದುವ ಎರಡನೆಯ ಮಾದರಿಯ ಹೆಸರು ಚೀಟಿಯಲ್ಲಿ ಇರಲಿ. ಆನ್‌ಲೈನ್ ಬೆಲೆ ನೋಡುವಾಗ ಹಳೆಯ ಮಾದರಿ ಹೊಸದಕ್ಕಿಂತ ದುಬಾರಿಯಾಗಿ ಕಂಡರೆ, ಹಳೆಯ ಬೋರ್ಡಿಗೆ ಅದೇ ಬೇಕಾದ ಯಾರೋ ಕೊಟ್ಟಾರು ಎಂದು ಕಾಯುತ್ತಿರುವ ಉಳಿಕೆ ಮಾಲು ಅದೆಂದು ತಿಳಿಯಿರಿ.

ಪೆಟ್ಟಿಗೆಯಲ್ಲಿ ಬರುವ ಬಾಕ್ಸ್ ಪೀಸಿಗೆ ತಯಾರಕರ ಮೂರು ವರ್ಷದ ವಾರಂಟಿ ಇರುತ್ತದೆ. ಐ3-12100, ರೈಜೆನ್ 5 5600ರಂಥವುಗಳ ಜೊತೆಗೆ ಕೂಲರ್ ಕೂಡ ಇರುತ್ತದೆ. ಪೆಟ್ಟಿಗೆಯಿಲ್ಲದ ಟ್ರೇ ಪೀಸ್ ಅಗ್ಗ, ಆದರೆ ಕೂಲರ್ ಬೇರೆ ಕೊಳ್ಳಬೇಕು, ವಾರಂಟಿಗೆ ಮಾರಿದವರ ಮಾತೇ ಆಧಾರ. ಅವೆರಡರ ಬೆಲೆ ಸೇರಿಸಿದ ಮೇಲೂ ಟ್ರೇ ಪೀಸ್ ಅಗ್ಗವೇ ಎಂದು ಲೆಕ್ಕ ಹಾಕಿ ನೋಡಿ. ಇಂಟೆಲ್ ಪೆಟ್ಟಿಗೆಯ ಅಂಟುಚೀಟಿಯಲ್ಲಿ ಎಫ್‌ಪಿಒ ಎಂಬ ಬ್ಯಾಚ್ ಸಂಖ್ಯೆ ಅಚ್ಚಾಗಿರುತ್ತದೆ. ಅದೇ ಸಂಖ್ಯೆ ಪ್ರೊಸೆಸರಿನ ಲೋಹದ ಮುಚ್ಚಳದ ಮೇಲೂ ಕೊರೆದಿರುತ್ತದೆ. ಅಂಗಡಿಯವರ ಎದುರಿಗೇ ಸೀಲ್ ಒಡೆದು ಎರಡನ್ನೂ ಹೋಲಿಸಿ. ಕೂಲರ್ ಕೂರಿಸಿದ ಮೇಲೆ ಥರ್ಮಲ್ ಪೇಸ್ಟಿನಡಿ ಆ ಸಂಖ್ಯೆ ಕಾಣುವುದಿಲ್ಲ, ಆದ್ದರಿಂದ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಜಿಎಸ್‌ಟಿ ಇಲ್ಲದೆ ಬಿಳಿ ಚೀಟಿಯಲ್ಲಿ ಬರೆದುಕೊಡುತ್ತೇವೆ, ಬೆಲೆ ಕಡಿಮೆ ಮಾಡುತ್ತೇವೆ ಎಂದರೆ ಒಪ್ಪಬೇಡಿ. ವಾರಂಟಿ ಕೇಳುವ ದಿನ ಆ ಚೀಟಿಯಿಂದ ಪ್ರಯೋಜನವಿಲ್ಲ.

ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ಕೊಳ್ಳುವುದರಲ್ಲಿ ತಪ್ಪಿಲ್ಲ. ಕಂಪ್ಯೂಟರಿನ ಭಾಗಗಳಲ್ಲಿ ತಾನಾಗಿ ಕೆಡುವುದು ಬಹಳ ಅಪರೂಪವಾದದ್ದು ಅದೇ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಮತ್ತು ವಿಂಡೋಸ್ 11 ಅಧಿಕೃತವಾಗಿ ನಡೆಯುವುದು ಇಂಟೆಲ್‌ನಲ್ಲಿ 8ನೇ ತಲೆಮಾರು ಹಾಗೂ ಈಚಿನವುಗಳ ಮೇಲೆ. ನೀವು ವಿಂಡೋಸನ್ನೇ ಬಳಸುವವರಾದರೆ ಅದಕ್ಕಿಂತ ಹಿಂದಿನದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಟ್ಟುಬಿಡಿ. ಎಎಂ4 ಪ್ರೊಸೆಸರಿನಲ್ಲಿ ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲೇ ಇರುತ್ತವೆ. ಕೂಲರ್ ಎಳೆದಾಗ ಒಣಗಿದ ಪೇಸ್ಟಿಗೆ ಅಂಟಿ ಪ್ರೊಸೆಸರೂ ಸಾಕೆಟ್ಟಿನಿಂದ ಕಿತ್ತು ಬಂದು ಪಿನ್ ಬಾಗುವುದುಂಟು. ಅದನ್ನು ಮಗುಚಿ ಕಣ್ಣಿನ ಮಟ್ಟಕ್ಕೆ ಹಿಡಿದು, ಹಿಂದಿನಿಂದ ಟಾರ್ಚ್ ಬಿಟ್ಟು, ಸಾಲುಗಳ ನಡುವೆ ಬೆಳಕು ನೇರವಾಗಿ ಹಾಯುತ್ತದೆಯೇ ನೋಡಿ. ಮತ್ತೆ ತೊಂಬತ್ತು ಡಿಗ್ರಿ ತಿರುಗಿಸಿ ನೋಡಿ. ಎಲ್‌ಜಿಎ1700ನಲ್ಲಾದರೆ ಪಿನ್ನುಗಳಿರುವುದು ಬೋರ್ಡಿನ ಸಾಕೆಟ್ಟಿನಲ್ಲಿ, ಪರೀಕ್ಷಿಸಬೇಕಾದದ್ದು ಬೋರ್ಡನ್ನು. ಆಮೇಲೆ ಮಾರುವವರ ಬೋರ್ಡಿನಲ್ಲೇ ಕೂರಿಸಿ, ಬಯಾಸ್ ಪರದೆಯಲ್ಲಿ ಮಾದರಿಯ ಹೆಸರನ್ನೂ, ಎರಡೂ ರ‍್ಯಾಮ್ ಕಡ್ಡಿಗಳು ಕಾಣುತ್ತಿವೆಯೇ ಎಂಬುದನ್ನೂ ಓದಿಕೊಂಡು, ಒಂದು ಕಾಲು ಗಂಟೆ ಎಲ್ಲ ಕೋರುಗಳಿಗೂ ಕೆಲಸ ಕೊಟ್ಟು ಓಡಿಸಿ ನೋಡಿದ ನಂತರವೇ ಹಣ ಕೊಡಿ.