ಹಗ್ಗ ಎಳೆಯುವ ಮುನ್ನ: ಮಕ್ಕಳನ್ನು ಸ್ಲಾಟ್ ಕ್ಯಾನ್ಯನ್‌ಗೆ ಕರೆದೊಯ್ಯುವವರಿಗೆ

ಸ್ಲಾಟ್ ಕ್ಯಾನ್ಯನ್ ಎಂದರೆ ನೀರು ಬಂಡೆಯನ್ನು ಕೊರೆದು ಮಾಡಿದ ಆಳವಾದ, ಇಕ್ಕಟ್ಟಾದ ಕಣಿವೆ. ಅಲ್ಲಿ ಒಂದು ಗಳಿಗೆ ಉಂಟು. ಎಲ್ಲರೂ ಹಗ್ಗ ಹಿಡಿದು ಕೆಳಗೆ ಇಳಿದಾಗಿರುತ್ತದೆ. ಹಗ್ಗದ ಒಂದು ಎಳೆಯನ್ನು ಜಗ್ಗಿದರೆ ಇನ್ನೊಂದು ಎಳೆ ಮೇಲಿನ ಉಂಗುರದಿಂದ ನುಸುಳಿ ಸರ್ರನೆ ಕಾಲ ಬುಡಕ್ಕೆ ಬಂದು ಬೀಳುತ್ತದೆ. ಆಮೇಲೆ ಹಿಂದಕ್ಕೆ ದಾರಿಯಿಲ್ಲ. ಮುಂದೆ ಎಷ್ಟು ಇಳಿತಗಳಿರಲಿ, ಎಷ್ಟು ತಣ್ಣೀರಿರಲಿ, ಆ ಬಿರುಕಿನ ಕೊನೆ ಮುಟ್ಟಿಯೇ ಹೊರಬರಬೇಕು. ಅಮೆರಿಕದ ಯೂಟಾ ರಾಜ್ಯದ ಹೈಸ್ಕೂಲೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತ, ಒಂಬತ್ತು ವರ್ಷಗಳಿಂದ ಅಲ್ಲಿನ ಔಟ್‌ಡೋರ್ ಕ್ಲಬ್ ನೋಡಿಕೊಳ್ಳುತ್ತಿರುವ ನಾನು ಮಕ್ಕಳ ತಯಾರಿಯನ್ನೆಲ್ಲ ಆ ಗಳಿಗೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತೇನೆ. ಪ್ರವಾಸಕ್ಕೆ ಜೊತೆಯಾಗಲು ಇಲ್ಲಿನ ಕನ್ನಡದ ಅಪ್ಪ ಅಮ್ಮಂದಿರು ಆಗಾಗ ಮುಂದೆ ಬರುತ್ತಾರೆ. ಅವರಿಗೆ ಪ್ರತಿ ವರ್ಷ ಬಾಯಲ್ಲಿ ಹೇಳುತ್ತಿದ್ದುದನ್ನು ಈಗ ಬರೆದಿಡುತ್ತಿದ್ದೇನೆ.

ಮೊದಲು ಕಣಿವೆಯ ಆಯ್ಕೆ. ಪ್ರತಿ ಕಣಿವೆಗೂ 3ಎ, 3ಬಿ ಎಂಬಂಥ ದರ್ಜೆ ಇರುತ್ತದೆ. ಅಂಕಿ ಕಷ್ಟವನ್ನು ಹೇಳುತ್ತದೆ: 1 ಎಂದರೆ ನಡಿಗೆ, 2 ಎಂದರೆ ಕೈಯೂರಿ ಹತ್ತಿ ಇಳಿಯುವುದು, 3 ಎಂದರೆ ಹಗ್ಗ ಬೇಕೇ ಬೇಕು, 4 ಪಳಗಿದವರಿಗೆ ಮಾತ್ರ. ಅಕ್ಷರ ನೀರಿನದು: ಎ ಎಂದರೆ ಒಣ ಕಣಿವೆ ಅಥವಾ ಅಲ್ಪಸ್ವಲ್ಪ ನೀರು, ಬಿ ಎಂದರೆ ಈಜಬೇಕಾದ ನಿಂತ ನೀರು, ಸಿ ಎಂದರೆ ಹರಿವ ಸೆಳೆತ. ಹೊಸ ಮಕ್ಕಳನ್ನು ನಾನು ಕರೆದೊಯ್ಯುವುದು ಗಾಬ್ಲಿನ್ ವ್ಯಾಲಿ ಪಕ್ಕದ ಲಿಟಲ್ ವೈಲ್ಡ್ ಹಾರ್ಸ್ ಕ್ಯಾನ್ಯನ್‌ಗೆ. ಬೆಲ್ ಕ್ಯಾನ್ಯನ್ ಸೇರಿಸಿಕೊಂಡು ಸುತ್ತಿದರೆ ಸುಮಾರು 8 ಮೈಲಿ. ಹಗ್ಗ ಬೇಡ, ಬೇಡವೆನಿಸಿದಲ್ಲಿ ಹಿಂದಿರುಗಬಹುದು. ಎರಡನೆಯ ಸಲ ಎಸ್ಕಲಾಂಟೆ ಕಡೆಯ ಪೀಕಬೂ ಮತ್ತು ಸ್ಪೂಕಿ. ಸ್ಪೂಕಿಯಲ್ಲಿ ಬ್ಯಾಗು ಬಿಚ್ಚಿ ಕೈಯಲ್ಲಿ ಹಿಡಿದು ಅಡ್ಡಡ್ಡ ಸರಿಯಬೇಕು. ಇಕ್ಕಟ್ಟಿನಲ್ಲಿ ಯಾರಿಗೆ ಉಸಿರು ಕಟ್ಟಿದಂತಾಗುತ್ತದೆ ಎಂಬುದು ಅಲ್ಲೇ ತಿಳಿದುಬಿಡುತ್ತದೆ, ಇನ್ನೂ ಹಿಂದಿರುಗಲು ದಾರಿಯಿರುವಾಗಲೇ. ಇವೆರಡನ್ನೂ ಮುಗಿಸಿದವರಿಗಷ್ಟೇ ಹಗ್ಗದ ಕಣಿವೆ, ಅದೂ 3ಎ. ಬಿ ಅಕ್ಷರದ ಕಣಿವೆಗಳು ಎರಡನೆಯ ವರ್ಷಕ್ಕೆ.

ತಲೆಗಳ ಲೆಕ್ಕದಲ್ಲಿ ಎಷ್ಟೋ ಶಾಲೆಗಳು ಎಡವುತ್ತವೆ. ಜಯಾನ್ ನ್ಯಾಷನಲ್ ಪಾರ್ಕಿನಲ್ಲಿ ಹಗ್ಗದ ಕಣಿವೆಗಳಿಗೆಲ್ಲ ಪರ್ಮಿಟ್ ಬೇಕು, ಒಂದು ತಂಡಕ್ಕೆ ಹೆಚ್ಚೆಂದರೆ 12 ಜನ, ಕೆಲವು ಕಣಿವೆಗಳಿಗೆ ಇನ್ನೂ ಕಡಿಮೆ. ಇಪ್ಪತ್ತು ಮಕ್ಕಳನ್ನು ಎರಡು ತಂಡ ಮಾಡಿ ಅರ್ಧ ಗಂಟೆ ಬಿಟ್ಟು ಒಂದೇ ಕಣಿವೆಗೆ ಇಳಿಸೋಣ ಎಂದರೆ ಆಗುವುದಿಲ್ಲ. ಒಂದೇ ಶಾಲೆ ಅಥವಾ ಕ್ಲಬ್ಬಿನವರು ಒಂದೇ ದಿನ ಒಂದೇ ಕಣಿವೆಯಲ್ಲಿ ಎಲ್ಲ ಸೇರಿ ಆ ಮಿತಿ ಮೀರುವಂತಿಲ್ಲ. ನಾನಂತೂ ಹಗ್ಗದ ಕಣಿವೆಗೆ ಎಂಟು ಮಕ್ಕಳು, ಮೂವರು ದೊಡ್ಡವರು ಎಂದು ನಿಲ್ಲಿಸಿಬಿಡುತ್ತೇನೆ. ಆ ಮೂವರಲ್ಲಿ ಇಬ್ಬರಿಗಾದರೂ ಆಂಕರ್, ಅಂದರೆ ಹಗ್ಗಕ್ಕೆ ಮೇಲೆ ಆಧಾರ, ಕಟ್ಟಲು, ನಡುಹಗ್ಗದಲ್ಲಿ ಸಿಕ್ಕಿಕೊಂಡವರನ್ನು ಬಿಡಿಸಲು ಬರಬೇಕು. ಇಳಿತವೊಂದರಲ್ಲಿ ಒಬ್ಬೊಬ್ಬರಿಗೆ ಐದು ನಿಮಿಷವಾದರೂ ಹನ್ನೊಂದು ಜನಕ್ಕೆ ಹೆಚ್ಚುಕಡಿಮೆ ಒಂದು ಗಂಟೆ. ನಾಲ್ಕು ಇಳಿತಗಳಿದ್ದರೆ ನೀವೇ ಲೆಕ್ಕ ಹಾಕಿ, ಮತ್ತೆ ಆ ಗಂಟೆಯಲ್ಲಿ ಉಳಿದ ಹತ್ತು ಮಂದಿ ನೆರಳಲ್ಲಿ ನಡುಗುತ್ತ ನಿಂತಿರುತ್ತಾರೆ ಎಂಬುದನ್ನೂ ನೆನಪಿಡಿ.

ಮಳೆಯ ವಿಷಯದಲ್ಲಿ ನಾನು ಯಾರ ಮಾತಿಗೂ ಬಗ್ಗುವುದಿಲ್ಲ. 1997ರ ಆಗಸ್ಟ್ 12ರಂದು ಅರಿಜೋನಾದ ಲೋಯರ್ ಆ್ಯಂಟಿಲೋಪ್ ಕ್ಯಾನ್ಯನ್‌ನಲ್ಲಿ 11 ಪ್ರವಾಸಿಗರು ಕೊಚ್ಚಿಹೋಗಿ ಸತ್ತರು. ಕಣಿವೆಯ ಮೇಲೆ ಹೆಚ್ಚೇನೂ ಮಳೆಯಿರಲಿಲ್ಲ. ಮೈಲಿಗಟ್ಟಲೆ ಆಚೆ ಬಿದ್ದ ಮಳೆ ಹರಿದುಬಂದಿತ್ತು. 2015ರ ಸೆಪ್ಟೆಂಬರ್ 14ರಂದು ಜಯಾನ್‌ನ ಕೀಹೋಲ್ ಕ್ಯಾನ್ಯನ್‌ನಲ್ಲಿ ಏಳು ಮಂದಿ ಸತ್ತರು, ಅವರ ಬಳಿ ಪರ್ಮಿಟ್ ಇತ್ತು. ಅಂದು ವರ್ಜಿನ್ ನದಿಯ ಉತ್ತರ ಕವಲು ಹದಿನೈದು ನಿಮಿಷದಲ್ಲಿ 55 ಕ್ಯೂಸೆಕ್‌ನಿಂದ 2,630 ಕ್ಯೂಸೆಕ್‌ಗೆ ಏರಿತ್ತು. ಇಲ್ಲಿನ ನೆಲ ಬೋಳು ಬಂಡೆ, ತೆಳು ಮಣ್ಣು, ನೀರು ಇಂಗುವುದಿಲ್ಲ. ಚದರ ಮೈಲಿಗಟ್ಟಲೆ ಬಿದ್ದದ್ದೆಲ್ಲ ಎರಡು ಮೊಳ ಅಗಲದ ಸೀಳಿಗೆ ಬಂದು ಸೇರುತ್ತದೆ. ಹಾಗಾಗಿ ಹೋಗುವ ಊರಿನ ಹವಾಮಾನ ನೋಡಿದರೆ ಸಾಲದು. ನಕ್ಷೆ ಹರಡಿ, ಆ ಕಣಿವೆಗೆ ಯಾವ ಯಾವ ಗುಡ್ಡಗಳ ನೀರು ಬರುತ್ತದೆಂದು ಮಕ್ಕಳ ಕೈಯಿಂದಲೇ ಪೆನ್ಸಿಲಿನಲ್ಲಿ ಸುತ್ತು ಗೆರೆ ಹಾಕಿಸಿ, ಆ ಗೆರೆಯೊಳಗಿನ ಮಳೆ ನೋಡಿ. ನ್ಯಾಷನಲ್ ವೆದರ್ ಸರ್ವಿಸ್ ಈ ಕಣಿವೆಗಳಿಗೆಂದೇ ದಿನದಿನ ದಿಢೀರ್ ಪ್ರವಾಹದ ಮುನ್ಸೂಚನೆ ಕೊಡುತ್ತದೆ. ನಾಲ್ಕು ಮಟ್ಟಗಳಿವೆ: ನಿರೀಕ್ಷೆಯಿಲ್ಲ, ಸಾಧ್ಯ, ಸಂಭವನೀಯ, ನಿರೀಕ್ಷಿತ. ಮಕ್ಕಳಿದ್ದಾಗ ನನಗೆ ಮೊದಲನೆಯದೊಂದೇ ಒಪ್ಪಿಗೆ. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಮಾನ್ಸೂನಿನಲ್ಲಿ ಹೋಗುವುದೇ ಇಲ್ಲ. ನಮ್ಮದು ಮೇ ತಿಂಗಳು, ಇಲ್ಲವೇ ಅಕ್ಟೋಬರ್.

ಮರುಭೂಮಿಯಲ್ಲಿ ಚಳಿಯೇ ಎಂದು ಎಲ್ಲ ತಾಯಂದಿರೂ ಕೇಳುತ್ತಾರೆ. ಹೌದು, ಚಳಿಯೇ. ಹೊರಗೆ ಬಂಡೆ ಸುಡುತ್ತಿದ್ದರೂ ಬಿಸಿಲು ಮುಟ್ಟದ ಗುಂಡಿಯ ನೀರು ಬೇಸಿಗೆಯಲ್ಲೂ ಕೊರೆಯುತ್ತದೆ. ಹತ್ತಿಬಟ್ಟೆ ಬೇಡ, ಒದ್ದೆಯಾದ ಜೀನ್ಸ್ ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ಎದೆಮಟ್ಟದ ನೀರಿದೆ ಎಂದು ಗೊತ್ತಿದ್ದರೆ ಎಲ್ಲರಿಗೂ ವೆಟ್‌ಸೂಟ್, ಅಂದರೆ ನೀರಿನಲ್ಲಿ ಮೈ ಬೆಚ್ಚಗಿಡುವ ರಬ್ಬರಿನಂಥ ಉಡುಪು. ಸಣಕಲು ಮಕ್ಕಳು ಬೇಗ ತಣ್ಣಗಾಗುತ್ತಾರೆ, ಅವರನ್ನು ಸರದಿಯಲ್ಲಿ ನಡುವೆ ನಿಲ್ಲಿಸಿ, ಇಳಿದ ಕೂಡಲೇ ಬಿಸಿಲಿನ ತುಣುಕೊಂದನ್ನು ಹುಡುಕಿ ಕೂರಿಸಿ. ಹರಟುತ್ತಿದ್ದ ಮಗು ಸುಮ್ಮನಾದರೆ, ಕ್ಯಾರಬೀನರಿನ (ಹಗ್ಗಕ್ಕೆ ಸಿಕ್ಕಿಸುವ ಲೋಹದ ಕೊಂಡಿ) ಸ್ಕ್ರೂ ತಿರುಗಿಸಲು ಬೆರಳು ತಡವರಿಸಿದರೆ ಕಾಯಬೇಡಿ. ಒಣ ಉಣ್ಣೆ ಟೋಪಿ, ತಿನ್ನಲು ಸಿಹಿ, ಮಿಕ್ಕ ಕೆಲಸ ಆಮೇಲೆ.

ಅಭ್ಯಾಸ ಮೂರು ಸಂಜೆ, ಶಾಲೆಯ ಜಿಮ್‌ನಲ್ಲೇ. ಸೊಂಟ ತೊಡೆಗಳಿಗೆ ಬಿಗಿಯುವ ಹಾರ್ನೆಸ್ ಪಟ್ಟಿ ತೊಡುವುದು, ಜೋಡಿಯವರಿಂದ ಅದನ್ನು ಕೈಯಿಂದ ಎಳೆದು ನೋಡಿಸುವುದು, ಉದ್ದ ಕೂದಲನ್ನು ಹೆಲ್ಮೆಟ್ಟಿನೊಳಗೆ ಸೇರಿಸುವುದು, ಅಂಗಿಯ ಅಂಚನ್ನು ಒಳಗೆ ತುರುಕುವುದು. ಇಳಿಯುವ ಸಾಧನಕ್ಕೆ ಕೂದಲು ಸಿಕ್ಕಿಕೊಂಡರೆ ಅಲ್ಲೇ ನೇತಾಡಬೇಕಾಗುತ್ತದೆ. ಇಳಿಯುತ್ತ ನಡುವೆ ಹಗ್ಗ ಕಟ್ಟಿಕೊಂಡು ಎರಡೂ ಕೈ ಬಿಟ್ಟು ನಿಲ್ಲಲು ಬಾರದವರನ್ನು ನಾನು ಕಣಿವೆಗೆ ಕರೆದೊಯ್ಯುವುದಿಲ್ಲ. ಕೆಳಗೆ ನಿಂತವರು ಹಗ್ಗ ಬಿಗಿಹಿಡಿದು ಇಳಿಯುವವರನ್ನು ತಡೆಯುವುದನ್ನೂ ಪ್ರತಿಯೊಬ್ಬರೂ ಕಲಿಯಬೇಕು, ಏಕೆಂದರೆ ಮಕ್ಕಳು ಒಬ್ಬರನ್ನೊಬ್ಬರು ಕಾಯುವುದು ಹೀಗೆಯೇ. ತಿರುವಿನಾಚೆ ಮಾತು ಕೇಳಿಸದ ಕಾರಣ ಸೀಟಿಯ ಗುರುತು: ನಮ್ಮಲ್ಲಿ ಒಂದು ಊದಿದರೆ ನಿಲ್ಲು, ನಾಲ್ಕು ಊದಿದರೆ ನಾನು ಹಗ್ಗ ಬಿಟ್ಟಾಯಿತು.

ಆಂಕರ್ ಅಂದರೆ ಹೆಚ್ಚಾಗಿ ಮರಕ್ಕೋ ಸಿಕ್ಕಿಕೊಂಡ ಬಂಡೆಗೋ ಸುತ್ತಿದ, ವೆಬ್ಬಿಂಗ್ ಎಂಬ ಗಟ್ಟಿ ನೇಯ್ಗೆಯ ಪಟ್ಟಿ. ಹಿಂದಿನವರು ಬಿಟ್ಟುಹೋದದ್ದನ್ನು ಕಣ್ಣುಮುಚ್ಚಿ ನಂಬಬೇಡಿ. ಮರದ ಹಿಂಬದಿಗೆ, ಗಂಟಿನ ಒಳಮಗ್ಗುಲಿಗೆ ಬೆರಳಾಡಿಸಿ. ಬಿಸಿಲಿಗೆ ಬಣ್ಣ ಹೋಗಿ ಗರಿಗರಿ ಎನ್ನುತ್ತಿದ್ದರೆ ಕತ್ತರಿಸಿ ಚೀಲಕ್ಕೆ ಹಾಕಿ ಹೊಸದು ಕಟ್ಟಿ. ಎರಡು ಕಡೆಗೆ ಕಟ್ಟುವುದಾದರೆ ಪಟ್ಟಿಗಳ ನಡುವಿನ ಕೋನ ಕಿರಿದಾಗಿರಲಿ. 120 ಡಿಗ್ರಿಗೆ ಬಂದರೆ ಪ್ರತಿ ಪಟ್ಟಿಯ ಮೇಲೂ ಪೂರ್ತಿ ಭಾರವೇ ಬೀಳುತ್ತದೆ, ಎರಡು ಕಟ್ಟಿ ಹಂಚಿಕೊಂಡದ್ದು ಏನೂ ಉಳಿಯುವುದಿಲ್ಲ. ತರಗತಿಯಲ್ಲಿ ಸದಿಶಗಳ (ವೆಕ್ಟರ್) ಪಾಠಕ್ಕೆ ನಾನು ಕೊಡುವ ಮೊದಲ ಲೆಕ್ಕ ಇದೇ.

ಇನ್ನು ಎಳೆಯುವ ವಿಷಯ. ನನ್ನ ಎರಡನೆಯ ವರ್ಷ, ಹದಿನಾಲ್ಕು ಮೀಟರಿನ ಇಳಿತ. ಎಲ್ಲರೂ ಇಳಿದೆವು, ಎಳೆದೆ, ಎರಡು ಮೀಟರ್ ಬಂದು ಹಗ್ಗ ನಿಂತೇಬಿಟ್ಟಿತು. ಹಳೆಯ ಹಗ್ಗಗಳು ತಿಕ್ಕಿ ತಿಕ್ಕಿ ಮರಳುಗಲ್ಲಿನಲ್ಲಿ ಕೊರೆದಿದ್ದ ಗೀರಿನಲ್ಲಿ ಅದು ಕಚ್ಚಿಕೊಂಡಿತ್ತು. ನಲವತ್ತು ನಿಮಿಷ ನಾವು ಎಳೆಯುತ್ತಿದ್ದರೆ ಮಕ್ಕಳು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ಒಬ್ಬ ಹುಡುಗನ ತುಟಿ ನೀಲಿಗಟ್ಟಿದ್ದು ಇನ್ನೂ ಕಣ್ಣಮುಂದಿದೆ. ಎರಡನೆಯ ಹಗ್ಗ ಇದ್ದುದರಿಂದ ಮುಂದಕ್ಕೆ ಸಾಗಿದೆವು. ಸಿಕ್ಕಿದ್ದನ್ನು ಮರುದಿನ ಇಬ್ಬರು ದೊಡ್ಡವರು ಮೇಲಿನಿಂದ ಬಂದು ಬಿಡಿಸಿದೆವು. ಅಂದಿನಿಂದ ನಮ್ಮ ಕ್ರಮ ಇದು. ಉಂಗುರ ಬಂಡೆಯ ಅಂಚು ದಾಟಿ ಆಚೆಗೆ ತೂಗುವಷ್ಟು ವೆಬ್ಬಿಂಗ್ ಉದ್ದ ಬಿಡುತ್ತೇವೆ. ಎಲ್ಲಕ್ಕಿಂತ ಅನುಭವಿ ಕೊನೆಗೆ ಮೇಲುಳಿಯುತ್ತಾರೆ. ಅವರು ಮೇಲಿರುವಾಗಲೇ ಕೆಳಗಿನವರು ಒಂದೆರಡು ಮಾರು ಎಳೆದು ನೋಡುತ್ತಾರೆ. ಹಗ್ಗ ಸಲೀಸಾಗಿ ಓಡಿದರೆ ಮತ್ತೆ ಸರಿಮಾಡಿ, ಎರಡೂ ತುದಿ ನೆಲ ಮುಟ್ಟಿವೆ ಎಂದು ಕೆಳಗಿನಿಂದ ಕೂಗಿದ ಮೇಲಷ್ಟೇ ಅವರು ಇಳಿಯುತ್ತಾರೆ. ಮೇಲೇರುವ ತುದಿಯಲ್ಲಿ ಗಂಟು ಉಳಿದಿಲ್ಲವೆಂದು ಕೈಯಿಂದ ಸವರಿ ನೋಡಿ ಆಮೇಲೆ ಎಳೆತ. ಎರಡು ಹಗ್ಗವಿಲ್ಲದೆ ಯಾವ ಕಣಿವೆಗೂ ಇಳಿಯುವುದಿಲ್ಲ.

ಮೊದಲ ಇಳಿತದ ತಲೆಯಲ್ಲಿ ಎಲ್ಲರನ್ನೂ ಕೂರಿಸಿ ಒಬ್ಬೊಬ್ಬರನ್ನೇ ಕೇಳುತ್ತೇನೆ, ಚಿಕ್ಕವರಿಂದ ಶುರುಮಾಡಿ, ಇಳಿಯೋಣವೇ ಎಂದು. ಒಬ್ಬರು ಬೇಡವೆಂದರೂ ತಂಡ ಹಿಂದಿರುಗುತ್ತದೆ, ಕಾರಣ ಕೇಳುವುದಿಲ್ಲ. ಹೋದ ಅಕ್ಟೋಬರಿನಲ್ಲಿ ಹತ್ತನೇ ತರಗತಿಯ ಹುಡುಗಿಯೊಬ್ಬಳು, "ಮಿಸ್, ಇವತ್ತು ನನ್ನ ಕೈಲಿ ಆಗಲ್ಲ ಅನ್ನಿಸ್ತಿದೆ" ಎಂದಳು. ನಾಲ್ಕು ಗಂಟೆ ಕಾರು ಓಡಿಸಿ ಬಂದಿದ್ದೆವು. ಗಂಟುಮೂಟೆ ಹೊತ್ತು ವಾಪಸು ನಡೆದೆವು, ಬಂಡೆಯ ಮೇಲೆ ಊಟ ಮಾಡಿದೆವು. ಮೇ ತಿಂಗಳಲ್ಲಿ ಅವಳೇ ಮೊದಲು ಇಳಿದಳು. ಹಿಂದಿರುಗಿದ ಆ ದಿನದ ಬಗ್ಗೆ ನನಗೆ ಇರುವಷ್ಟು ಹೆಮ್ಮೆ ಇಳಿದ ಯಾವ ಕಣಿವೆಯ ಬಗ್ಗೆಯೂ ಇಲ್ಲ.

ಉಳಿದವು ಬೇಗ ಹೇಳುತ್ತೇನೆ. ದಿನಕ್ಕೆ ತಲಾ 4 ಲೀಟರ್ ಕುಡಿಯುವ ನೀರು. ಇನ್‌ಹೇಲರ್, ಅಲರ್ಜಿಯ ಇಂಜೆಕ್ಷನ್ ಕಾರಿನಲ್ಲಲ್ಲ, ನೀರು ಒಳಹೋಗದ ಡ್ರೈಬ್ಯಾಗಿನಲ್ಲಿ ಜೊತೆಗೇ. ಮೊಬೈಲ್ ಸಿಗ್ನಲ್ ಇರುವುದಿಲ್ಲ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಇರಲಿ. ಇಷ್ಟು ಗಂಟೆಯೊಳಗೆ ಸುದ್ದಿ ಬರದಿದ್ದರೆ ಶೆರಿಫ್‌ಗೆ ಫೋನ್ ಮಾಡಿ ಎಂದು ಮನೆಯಲ್ಲೊಬ್ಬರಿಗೆ ಬರೆದುಕೊಟ್ಟು ಹೋಗಿ. ಮಲವನ್ನೂ ಅದಕ್ಕೆಂದೇ ಇರುವ ಚೀಲದಲ್ಲಿ ಹೊತ್ತು ತರಬೇಕು. ದಾರಿ ಬಿಟ್ಟು ಆಚೀಚೆ ನಡೆಯಬೇಡಿ, ಅಲ್ಲಿನ ಕಪ್ಪು ಹೊಪ್ಪಳೆಯಂಥ ಮಣ್ಣು ಜೀವಂತ ಪದರ, ಒಮ್ಮೆ ತುಳಿದರೆ ಕೂಡಿಕೊಳ್ಳಲು ವರ್ಷಗಟ್ಟಲೆ ಬೇಕು.

ಊರಿಗೆ ಬಂದ ಮರುದಿನ ಮಕ್ಕಳೇ ಹಗ್ಗ ತೊಳೆಯುತ್ತಾರೆ. ದೊಡ್ಡ ಟಬ್ಬಿನಲ್ಲಿ ತಣ್ಣೀರು ತುಂಬಿ ನೆನೆಹಾಕಿದರೆ ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಮರಳು ಒಳಗುಳಿದರೆ ಎಳೆಗಳನ್ನು ಕೊಯ್ಯುತ್ತದೆ, ಹಾಗಾಗಿ ನೀರು ತಿಳಿಯಾಗುವವರೆಗೆ ಬದಲಿಸಬೇಕು. ನೆರಳಲ್ಲಿ ಒಣಗಿಸಿ, ಒಬ್ಬರು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಣ್ಣುಮುಚ್ಚಿ ಬೆರಳಲ್ಲೇ ಸವರುತ್ತ ಹೋಗುತ್ತಾರೆ. ಮೆತ್ತಗೆ ಕುಸಿದ ಜಾಗ ಸಿಕ್ಕರೆ ಅಲ್ಲಿ ಟೇಪು ಸುತ್ತಿ ನನ್ನ ಮೇಜಿನ ಮೇಲೆ ಇಟ್ಟುಹೋಗುತ್ತಾರೆ.