ಹಳಿ ಅವರದ್ದು, ರೈಲು ನಮ್ಮದು

ಅಮೆರಿಕದಲ್ಲಿ ರೈಲು ಹಳಿ ಯಾರದ್ದು ಅಂತ ಕೇಳಿದರೆ ಬಹುತೇಕ ಕಡೆ ಉತ್ತರ ಒಂದೇ: ಗೂಡ್ಸ್ ಕಂಪನಿಯದ್ದು. ಸರ್ಕಾರದ್ದಲ್ಲ, ಪ್ಯಾಸೆಂಜರ್ ರೈಲು ಓಡಿಸುವ ಆಮ್‌ಟ್ರಾಕ್‌ನದ್ದೂ ಅಲ್ಲ. ಆಮ್‌ಟ್ರಾಕ್ ಗಾಡಿಗಳು ಓಡುವ ದೂರದಲ್ಲಿ ನೂರಕ್ಕೆ ಸುಮಾರು 70 ಭಾಗ ಬೇರೆಯವರ ಹಳಿಯ ಮೇಲೆ.

ಹುಬ್ಬಳ್ಳಿಯಲ್ಲಿ ಬೆಳೆದ ನನಗೆ ಇದು ತಲೆಗೆ ಹೋಗಲು ಬಹಳ ದಿನ ಬೇಕಾಯಿತು. ಅಪ್ಪ ರೈಲ್ವೆಯಲ್ಲಿ ಸಿಗ್ನಲ್ ಮೆಂಟೇನರ್ ಆಗಿದ್ದರು. ರಾಣಿ ಚನ್ನಮ್ಮ ಬರುವ ಹೊತ್ತಿಗೆ ಗೂಡ್ಸ್ ಗಾಡಿ ಲೂಪ್ ಲೈನಿನಲ್ಲಿ ಸುಮ್ನೆ ನಿಂತಿರುತ್ತಿತ್ತು. ಹಳಿ, ಸಿಗ್ನಲ್, ಗಾಡಿ, ಗಾರ್ಡ್, ಎಲ್ಲ ಒಂದೇ ಮನೆಯವು. ನಾನೀಗ ಇರುವ ಅಮೆರಿಕದಲ್ಲಿ ಹಾಗಲ್ಲ. 1971ರಲ್ಲಿ ಆಮ್‌ಟ್ರಾಕ್ ಶುರುವಾದಾಗ ನಷ್ಟದ ಪ್ಯಾಸೆಂಜರ್ ಸೇವೆಯ ಹೊರೆ ಖಾಸಗಿ ಕಂಪನಿಗಳ ತಲೆಯಿಂದ ಇಳಿಯಿತು. ಬದಲಿಗೆ ಅವರು ತಮ್ಮ ಹಳಿಯಲ್ಲಿ ಆಮ್‌ಟ್ರಾಕ್ ಗಾಡಿಗೆ ಜಾಗ ಕೊಡಬೇಕು. ಗೂಡ್ಸ್‌ಗಿಂತ ಪ್ಯಾಸೆಂಜರ್ ಗಾಡಿಗೆ ಮೊದಲ ಆದ್ಯತೆ ಅನ್ನುವುದು 1973ರಲ್ಲಿ ಕಾನೂನಾಯಿತು. 2008ರ ಇನ್ನೊಂದು ಕಾನೂನಿನಿಂದ 750 ಮೈಲಿಗಿಂತ ಕಡಿಮೆ ದೂರದ ಮಾರ್ಗಗಳ ಖರ್ಚು ಹೆಚ್ಚಾಗಿ ರಾಜ್ಯಗಳ ಪಾಲಿಗೆ ಬಂತು. ಹಾಗಾಗಿ ಇಲಿನಾಯ್, ಮಿಷಿಗನ್, ಮಿಸ್ಸೂರಿ, ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ತಾವೇ ಬೋಗಿ ಕೊಳ್ಳಲು ಹೊರಟವು. ಓದು ಮುಗಿಸಿ ಒಂದು ಸಲಹಾ ಸಂಸ್ಥೆ ಸೇರಿದ್ದ ನನಗೆ ಆ ಖರೀದಿಯ ತಾಂತ್ರಿಕ ತಂಡದಲ್ಲಿ ಕೆಲಸ ಸಿಕ್ಕಿತು.

ಬೋಗಿ ಹೇಗಿರಬೇಕು ಅಂತ ಬರೆಯುವುದು ನಾವು. ಆದರೆ ಬರೆಯುತ್ತಾ ಹೋದಂತೆ ಒಂದೊಂದು ಸಾಲಿನಲ್ಲೂ ಗೂಡ್ಸ್ ಗಾಡಿಯೇ ಎದುರಿಗೆ ಬಂದು ನಿಲ್ಲುತ್ತಿತ್ತು.

ಗಟ್ಟಿತನವನ್ನೇ ನೋಡಿ. ತುಂಬಿದ ಒಂದು ಗೂಡ್ಸ್ ವ್ಯಾಗನ್ 2,86,000 ಪೌಂಡ್ ತೂಗುತ್ತದೆ, ಅಂದರೆ ಸುಮಾರು 130 ಟನ್. ಅಂಥವುಗಳ ಜೊತೆ ಒಂದೇ ಹಳಿಯಲ್ಲಿ ಓಡುವ ಬೋಗಿ ಎರಡೂ ತುದಿಯಿಂದ 8 ಲಕ್ಷ ಪೌಂಡ್ ಒತ್ತಿದರೂ ಮಡಚಿಕೊಳ್ಳಬಾರದು. 2012ರಲ್ಲಿ 130 ಡಬಲ್ ಡೆಕ್ಕರ್ ಬೋಗಿಗಳಿಗೆ ಆರ್ಡರ್ ಹೋಗಿತ್ತು, 35 ಕೋಟಿ ಡಾಲರ್ ದಾಟಿದ ಒಪ್ಪಂದ. 2015ರಲ್ಲಿ ಮಾದರಿ ಬೋಗಿಯ ಚೌಕಟ್ಟು ಈ ಒತ್ತಡದ ಪರೀಕ್ಷೆಯಲ್ಲಿ ಸೋತಿತು. ಆ ವರದಿ ಓದಿದ ದಿನ ಊಟ ಸೇರಲಿಲ್ಲ. ಕೇಂದ್ರದ ಹಣಕ್ಕೆ 2017ರ ಸೆಪ್ಟೆಂಬರ್ ಗಡುವು ಇತ್ತು. ಹಣದ ಜೊತೆ ಬಂದ ಷರತ್ತು ಬೇರೆ, ಉಕ್ಕಿನಿಂದ ಹಿಡಿದು ಎಲ್ಲವೂ ಅಮೆರಿಕದಲ್ಲೇ ತಯಾರಾಗಿರಬೇಕು. ಅಂಗಡಿಯಲ್ಲಿ ಸಿದ್ಧ ಇದ್ದದ್ದನ್ನು ಎತ್ತಿಕೊಂಡು ಬರುವ ಹಾಗಿಲ್ಲ. ಕೊನೆಗೆ ಬೋಗಿ ಕಟ್ಟುವ ಕೆಲಸ ಸ್ಯಾಕ್ರಮೆಂಟೊದ ಸೀಮೆನ್ಸ್ ಕಾರ್ಖಾನೆಗೆ ಹೋಯಿತು. 137 ಸಿಂಗಲ್ ಡೆಕ್ಕರ್ ಬೋಗಿ. ಅದರಲ್ಲಿ 88 ನಮ್ಮ ಮಧ್ಯಪಶ್ಚಿಮಕ್ಕೆ (ಇಲಿನಾಯ್, ಮಿಷಿಗನ್, ಮಿಸ್ಸೂರಿ ಕಡೆಗೆ), 49 ಕ್ಯಾಲಿಫೋರ್ನಿಯಾಕ್ಕೆ. ಮೊದಲ ಬೋಗಿಗಳಲ್ಲಿ ಜನ ಕೂತದ್ದು 2022ರಲ್ಲಿ. ಲೆಕ್ಕ ಹಾಕಿ, ಹತ್ತು ವರ್ಷ.

ಇನ್ನು ಬಾಗಿಲು. ಗೂಡ್ಸ್ ಗಾಡಿಯಲ್ಲಿ ಅಗಲದ ಸಾಮಾನು ಹೋಗುತ್ತದೆ, ಹಾಗಾಗಿ ಹಳಿಯ ಪಕ್ಕ ಎತ್ತರದ ಪ್ಲಾಟ್‌ಫಾರಂ ಕಟ್ಟಲು ಹಳಿಯವರು ಒಪ್ಪುವುದಿಲ್ಲ. ಪ್ಲಾಟ್‌ಫಾರಂ ಹಳಿಯ ಮೇಲ್ಭಾಗದಿಂದ 8 ಇಂಚು ಅಷ್ಟೇ. ಬೋಗಿಯ ನೆಲ 4 ಅಡಿ ಎತ್ತರದಲ್ಲಿ. ವೀಲ್‌ಚೇರ್‌ನಲ್ಲಿ ಬಂದವರು ಹತ್ತುವುದು ಹೇಗೆ? ಬಾಗಿಲಲ್ಲೇ ಲಿಫ್ಟ್ ಕೂರಿಸಿದೆವು. ಒಳಗೆ ಓಡಾಡುವ ದಾರಿಯನ್ನು 32 ಇಂಚು ಅಗಲ ಮಾಡಿದೆವು. ಆ 32 ಇಂಚಿಗಾಗಿ ಸೀಟಿನ ಅಳತೆಯ ಮೇಲೆ ನಡೆದ ವಾದಗಳು ಒಂದೆರಡಲ್ಲ. ಈ ಖರೀದಿಯಲ್ಲಿ ನನಗೆ ತುಂಬಾ ಹೆಮ್ಮೆ ಇರುವ ಕೆಲಸ ಇದೇ.

ಇಷ್ಟೆಲ್ಲ ಹಳಿಯವರನ್ನು ಕೇಳಿ ಕೇಳಿಯೇ ಮಾಡಿದ್ದೆವು. ಎತ್ತರ, ಅಗಲ, ಆಕ್ಸಲ್ (ಜೋಡಿ ಚಕ್ರ ಸೇರಿಸುವ ಅಚ್ಚು) ಮೇಲಿನ ಭಾರ, ಚಾಲಕ ತಪ್ಪಿದರೆ ಗಾಡಿಯನ್ನು ತಾನೇ ನಿಲ್ಲಿಸುವ ಅವರ ಪಿಟಿಸಿ ಸುರಕ್ಷತಾ ವ್ಯವಸ್ಥೆಗೆ ಹೊಂದುವ ರೇಡಿಯೋ, ಎಲ್ಲವೂ ನನ್ನ ಪ್ರಶ್ನೆಗಳ ಪಟ್ಟಿಯಲ್ಲಿತ್ತು. ಒಂದು ಪ್ರಶ್ನೆ ಮಾತ್ರ ಇರಲಿಲ್ಲ: ಈ ಗಾಡಿ ನಿಮ್ಮ ಹಳಿಗೆ ಕಾಣುತ್ತದಾ?

ಹಳಿಗೆ ಗಾಡಿ ಕಾಣುವುದು ಅಂದರೆ ಹೀಗೆ. ಎರಡೂ ಹಳಿಯಲ್ಲಿ ಸಣ್ಣ ಕರೆಂಟ್ ಹರಿಯುತ್ತಿರುತ್ತದೆ. ಗಾಡಿ ಬಂದಾಗ ಚಕ್ರ ಮತ್ತು ಆಕ್ಸಲ್ ಸೇರಿ ಆ ಹಳಿಯಿಂದ ಈ ಹಳಿಗೆ ಸೇತುವೆ ಹಾಕುತ್ತವೆ. ಕರೆಂಟ್ ಅಲ್ಲೇ ತಿರುಗಿಕೊಳ್ಳುತ್ತದೆ, ಆಚೆ ತುದಿಗೆ ತಲುಪುವುದಿಲ್ಲ. ಗಾಡಿ ಬಂದಿದೆ ಅಂತ ಹಳಿ ಪಕ್ಕದ ಸಿಗ್ನಲ್ ಪೆಟ್ಟಿಗೆಗೆ ಗೊತ್ತಾಗುತ್ತದೆ. ಸಿಗ್ನಲ್ ಕೆಂಪಾಗುತ್ತದೆ, ರಸ್ತೆಯ ಗೇಟು ಇಳಿಯುತ್ತದೆ. ಗಾಡಿ ಗೇಟಿಗೆ ಬರುವ ಮೊದಲು ಕನಿಷ್ಠ 20 ಸೆಕೆಂಡ್ ಎಚ್ಚರಿಕೆ ಇರಬೇಕು ಅನ್ನುವುದು ಕೇಂದ್ರದ ನಿಯಮ.

ಆದರೆ ಚಕ್ರಕ್ಕೂ ಹಳಿಗೂ ನಡುವೆ ತೆಳುವಾದ ತುಕ್ಕೋ ಜಿಡ್ಡೋ ಕೂತಿದ್ದರೆ ಸೇತುವೆ ಕಡಿದುಹೋಗುತ್ತದೆ. ನೂರು ವ್ಯಾಗನ್‌ನ ಗೂಡ್ಸ್ ಗಾಡಿಗೆ 400 ಆಕ್ಸಲ್, ಒಂದು ತಾಗದಿದ್ದರೆ ಇನ್ನೊಂದು ತಾಗುತ್ತದೆ. ನಮ್ಮದು ಒಂದು ಇಂಜಿನ್, ನಾಲ್ಕು ಬೋಗಿ. 20 ಆಕ್ಸಲ್. ಅದರ ಮೇಲೆ ಹಳೇ ಕಾಲದ ಬ್ರೇಕಿನ ಬ್ಲಾಕ್ ಚಕ್ರದ ಮೈಯನ್ನೇ ಒತ್ತಿ ಉಜ್ಜುತ್ತಿತ್ತು, ಹಾಗಾಗಿ ಚಕ್ರ ಸ್ವಚ್ಛವಾಗಿರುತ್ತಿತ್ತು. ಡಿಸ್ಕ್ ಬ್ರೇಕ್ ಚಕ್ರದ ಮೈಯನ್ನು ಮುಟ್ಟುವುದೇ ಇಲ್ಲ.

ಶಿಕಾಗೋದಿಂದ ಕಾರ್ಬನ್‌ಡೇಲ್‌ಗೆ ಹೋಗುವ ಸುಮಾರು 500 ಕಿಲೋಮೀಟರ್ ದಾರಿಯಲ್ಲಿ ಹಳಿಯ ಮಾಲೀಕರ ನಿಯಮ ಹೀಗಿತ್ತು: ಗಾಡಿಗೆ ಕನಿಷ್ಠ 32 ಆಕ್ಸಲ್ ಇರಬೇಕು. ಅಂದರೆ ಇಂಜಿನ್ ಸೇರಿ ಎಂಟು ವಾಹನ. ಅಷ್ಟು ಜನ ಇರಲಿ ಬಿಡಲಿ, ಲೆಕ್ಕಕ್ಕೋಸ್ಕರ ಬೋಗಿ ಎಳೆಯಬೇಕಿತ್ತು. ಆ ಮಾರ್ಗಕ್ಕೆ ಸಾಲುವಷ್ಟು ಹೊಸ ಬೋಗಿ ಎಲ್ಲಿಂದ ತರುವುದು? ಮೊದಲು ನನಗೆ ಸಿಟ್ಟು ಬಂತು. ಗೇಟಿನ ಹತ್ತಿರ ಹೋಗಿ ನೋಡಿದ ಮೇಲೆ ಇಳಿಯಿತು.

ಅಕ್ಟೋಬರ್ ತಿಂಗಳು, ಎರಡೂ ಕಡೆ ಒಣಗಿ ನಿಂತ ಗೋವಿನಜೋಳ. ಸಿಗ್ನಲ್ ಕೆಲಸಗಾರರೊಬ್ಬರು ಚೀಲದಿಂದ ಎರಡೂ ತುದಿಗೆ ಹಿಡಿಕೆ ಇರುವ ಒಂದು ತಂತಿ ತೆಗೆದರು. ಅದರ ರೋಧ 0.06 ಓಮ್, ಪರೀಕ್ಷೆಗೆ ಕಾನೂನು ಹೇಳುವ ಅಳತೆ. ಮುಖ್ಯ ಹಳಿಗೆ ಹಚ್ಚಿದರು. ಮೀಟರ್ ಮುಳ್ಳು ಪಟ್ಟಂತ ಕೆಳಗೆ ಬಿತ್ತು. ಆಮೇಲೆ ಪಕ್ಕದ ಸೈಡಿಂಗಿಗೆ, ಅಂದರೆ ಗಾಡಿ ಪಕ್ಕಕ್ಕೆ ಸರಿದು ನಿಲ್ಲುವ ಹಳಿಗೆ, ಕರೆದುಕೊಂಡು ಹೋದರು. ಅಲ್ಲಿ ಗಾಡಿ ಓಡಾಟ ಅಪರೂಪ. ಹಳಿಯ ಮೇಲೆ ಬೆರಳು ಎಳೆದೆ, ಕುಂಕುಮದಂಥ ಪುಡಿ ಹತ್ತಿತು. ಅದೇ ತಂತಿಯನ್ನು ಅಲ್ಲಿ ಇಟ್ಟಾಗ ಮುಳ್ಳು ಅರ್ಧಕ್ಕೆ ಇಳಿದು ನಡುಗುತ್ತಾ ನಿಂತಿತು. ಆ ನಡುಕದ ಹೊತ್ತಲ್ಲಿ ಶಾಲೆಯ ಬಸ್ಸೊಂದು ಗೇಟಿಗೆ ಬಂದಿದ್ದರೆ? 32 ಅನ್ನುವ ಅಂಕಿಯ ಬಗ್ಗೆ ವಾದ ಮಾಡಬಹುದು. ಭಯ ಸುಳ್ಳಲ್ಲ.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. "ಅದಕ್ಕs ನಮ್ಮಲ್ಲಿ ಆಕ್ಸಲ್ ಕೌಂಟರ್ ಹಾಕ್ಯಾರ. ಅದು ಚಕ್ರ ಎಣಸ್ತದ, ತುಕ್ಕು ನೋಡಂಗಿಲ್ಲ," ಅಂದರು. ನಿಜ. ಆದರೆ ಈ ದೇಶದಲ್ಲಿ ರಸ್ತೆ ಹಳಿಯನ್ನು ದಾಟುವ ಜಾಗಗಳು 2 ಲಕ್ಷಕ್ಕೂ ಜಾಸ್ತಿ ಇವೆ. ಒಂದು ಮಾರ್ಗದಲ್ಲೇ ನೂರಾರು ಪೆಟ್ಟಿಗೆ ಬದಲಾಯಿಸುವ ಖರ್ಚು ಯಾರದ್ದು ಅನ್ನುವ ಹೊತ್ತಿಗೆ ಮೀಟಿಂಗ್ ಮುಗಿಯುತ್ತದೆ. ಗಾಡಿಯ ಅಡಿಯಲ್ಲೇ ಒಂದು ಸಾಧನ ಕಟ್ಟಿ, ತುಕ್ಕಿನ ಪದರವನ್ನು ದಾಟಿ ಕರೆಂಟ್ ಹರಿಯುವ ಹಾಗೆ ಮಾಡುವ ದಾರಿಯೂ ಇದೆ. ಅದನ್ನು ಪ್ರತಿ ಹಳಿಯ ಮೇಲೆ, ಪ್ರತಿ ಋತುವಿನಲ್ಲಿ ಓಡಿಸಿ ತೋರಿಸಬೇಕು.

ಕೆನಡಾದಲ್ಲೂ ಇದೇ ಆಯಿತು. ಅಲ್ಲಿನ ಪ್ಯಾಸೆಂಜರ್ ರೈಲು ಕಂಪನಿ ವಯಾ ರೈಲ್ 2018ರಲ್ಲಿ 32 ಹೊಸ ಗಾಡಿಗಳಿಗೆ ಆರ್ಡರ್ ಕೊಟ್ಟಿತು. ಒಂದೊಂದಕ್ಕೂ ಒಂದು ಇಂಜಿನ್, ಐದು ಬೋಗಿ, 24 ಆಕ್ಸಲ್. 2022ರ ನವೆಂಬರ್‌ನಲ್ಲಿ ಓಡಲು ಶುರು. 2024ರ ಅಕ್ಟೋಬರ್‌ನಲ್ಲಿ ಹಳಿಯ ಮಾಲೀಕರಿಂದ ಆದೇಶ ಬಂತು, ಗೇಟುಗಳ ಹತ್ತಿರ ವೇಗ ಇಳಿಸಿ. ಆ ಸುದ್ದಿ ಓದಿ ಅಲ್ಲಿನ ಎಂಜಿನಿಯರುಗಳನ್ನು ನೆನೆದು ನಿಜಕ್ಕೂ ಸಂಕಟವಾಯಿತು.

ಈಗ ನಾನು ಹೊಸ ಖರೀದಿಗೆ ಕೈ ಹಾಕಿದರೆ ಕಾಗದಕ್ಕಿಂತ ಮೊದಲು ಹಳಿಯವರ ಸಿಗ್ನಲ್ ವಿಭಾಗಕ್ಕೆ ಹೋಗುತ್ತೇನೆ. ಅವರ ಮೆಂಟೇನರ್ ಜೊತೆ ಒಂದು ದಿನ ನಡೆಯುತ್ತೇನೆ. ಸೈಡಿಂಗ್‌ಗಳ ಉದ್ದ ಕೇಳಿ ಬರೆದುಕೊಳ್ಳುತ್ತೇನೆ. 3 ಕಿಲೋಮೀಟರ್ ಉದ್ದದ ಗೂಡ್ಸ್ ಗಾಡಿ ಸೈಡಿಂಗ್‌ನಲ್ಲಿ ಹಿಡಿಸದಿದ್ದರೆ ಸಿಂಗಲ್ ಲೈನಿನಲ್ಲಿ ಪಕ್ಕಕ್ಕೆ ಸರಿಯುವುದು ನಮ್ಮ ಗಾಡಿಯೇ, ಕಾನೂನು ಏನೇ ಹೇಳಲಿ. ಗಂಟೆಗೆ 125 ಮೈಲಿ ಓಡಬಲ್ಲ ಇಂಜಿನ್ ಹಿಂದೆ ಕೂತು, ಮುಕ್ಕಾಲು ಗಂಟೆ ಎದುರಿನ ಗೂಡ್ಸ್‌ನ ವ್ಯಾಗನ್ ಎಣಿಸಿದ್ದೇನೆ.

ಹಣ ಹಾಕಿದ ಕಡೆ ಕೆಲಸ ಆಗಿದೆ. ಶಿಕಾಗೋ-ಸೇಂಟ್ ಲೂಯಿಸ್ ದಾರಿಯ ಹಳಿ, ಸೈಡಿಂಗ್, ಗೇಟುಗಳಿಗೆ ಸುಮಾರು 200 ಕೋಟಿ ಡಾಲರ್ ಸರ್ಕಾರದ ಹಣ ಹೋಯಿತು. ಹಳಿ ಈಗಲೂ ಬಹುಪಾಲು ಗೂಡ್ಸ್ ಕಂಪನಿಯದ್ದೇ. 2023ರಿಂದ ಅಲ್ಲಿ ಗಾಡಿ ಗಂಟೆಗೆ 110 ಮೈಲಿ ಓಡುತ್ತದೆ, ಅಂದರೆ 177 ಕಿಲೋಮೀಟರ್.

ಹೋದ ಬೇಸಿಗೆಯಲ್ಲಿ ಅಪ್ಪ ಬಂದಿದ್ದರು. ಅದೇ ದಾರಿಯ ಪಾಂಟಿಯಾಕ್ ಊರಿನ ಆಚೆ, ಹೊಲದ ನಡುವಿನ ಒಂದು ಗೇಟಿಗೆ ಕರೆದುಕೊಂಡು ಹೋದೆ. ಗಂಟೆ ಹೊಡೆಯಿತು, ನಾಲ್ಕೂ ತೋಳು ಇಳಿದವು. ನಾನು ಕೊಳ್ಳಲು ನೆರವಾದ ಗಾಡಿ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಹೋಯಿತು. ಅಪ್ಪ ಗಾಡಿ ನೋಡಲೇ ಇಲ್ಲ. ಕೈಗಡಿಯಾರ ನೋಡುತ್ತಿದ್ದರು.

"ಗೇಟ್ ಛಲೋ ಇಳೀತು," ಅಂದರು.